ತಲೆ ಮಾಡುವ ಕಮೀಲ್

ಕಮೀಲನ ಸುದ್ದಿ ರೊಮಾನಿಯ ಕಿವಿಗೆ ಮೊದಲು ಬಿದ್ದದ್ದು ಬೇಕರಿಯ ಸಿಡೋನಿಯ ಬೈಗುಳದ ಜೊತೆಗೆ. ಜರ್ಮನರ ಜೊತೆ ಯುದ್ಧ ಹತ್ತಿ ಎರಡನೆಯ ಬೇಸಿಗೆ ಅದು. ರೊಮಾನಿ ತನ್ನ ಬಿಯರ್ ಅಂಗಡಿಯಲ್ಲಿ ಲೋಟ ತೊಳೆಯುತ್ತಿದ್ದಳು. ಸಿಡೋನಿ ಹಿಟ್ಟಿನ ಕೈಯಲ್ಲೇ ನುಗ್ಗಿದಳು.

"ಕೇಳಿದ್ಯೇನೇ? ಆಲ್ಸ್ಟ್ ಕಡೆಯ ಸಿಪಾಯಿಯೊಬ್ಬ ಬಂದು ಹಿಟ್ಟು ಕೊಡು ಅಂತಾನೆ. ರೊಟ್ಟಿಗಲ್ವಂತೆ. ತಲೆ ಮಾಡೋಕಂತೆ! ಮನುಷ್ಯರ ತಲೆ!"

"ಕೊಟ್ಯಾ?"

"ಪೊರಕೆ ಕೊಟ್ಟೆ."

ಸಂಜೆ ಅದೇ ಸಿಪಾಯಿ, ಅವನ ತುಕಡಿಯಲ್ಲೇ ಇದ್ದ ರೊಮಾನಿಯ ತಮ್ಮ ಒಡೀಲನ ಜೊತೆ ಅಂಗಡಿಗೆ ಬಂದ. ಕುಳ್ಳ, ಕೆಂಪು ಕಿವಿಯವನು, ಉಗುರಿನ ಸಂದಿಯಲ್ಲೆಲ್ಲ ಬಣ್ಣ. ಆಲ್ಸ್ಟ್‌ನಲ್ಲಿ ಪ್ರತಿವರ್ಷ ಕಾರ್ನಿವಲ್ ಮೆರವಣಿಗೆಗೆ ಹಳೆ ಪೇಪರು, ಹಿಟ್ಟಿನ ಅಂಟು ಮೆತ್ತಿ ದೊಡ್ಡ ದೊಡ್ಡ ತಲೆಗಳನ್ನು ಮಾಡುವುದು ಅವನ ಕಸುಬು. ಒಂದು ವರ್ಷ ಮೇಯರನ ಮುಖವನ್ನು ಹಂದಿಯ ಮೈಗೆ ಕೂರಿಸಿ ಲಾಕಪ್ಪಿಗೆ ಹೋಗಿದ್ದ. ಹೊರಗೆ ಬಂದ ಮೇಲೆ ಮಾಡಿದ್ದು ಲಾಕಪ್ಪಿನ ಪೇದೆಯ ತಲೆ. ಈಗ ಆ ಊರು ಜರ್ಮನರ ಕೈಯಲ್ಲಿತ್ತು, ಹೆಂಡತಿ ಮಕ್ಕಳು ಅಲ್ಲೇ ಉಳಿದಿದ್ದರು. ಆ ವಿಷಯ ಎತ್ತಿದರೆ ಮಾತ್ರ ಅವನು ತಮಾಷೆ ನಿಲ್ಲಿಸಿ ಬಿಯರ್ ಕೇಳುತ್ತಿದ್ದ.

ರೊಮಾನಿಯ ಊರಿನಾಚೆ, ಐಸರ್ ಹೊಳೆಯ ಪಕ್ಕ ಯುದ್ಧದ ಸಾಲು. ಆ ಸೀಮೆಯಲ್ಲಿ ಒಂದು ಗುದ್ದಲಿ ಅಗೆದರೆ ನೀರು ಬರುತ್ತದೆ. ಕಂದಕ ಅನ್ನುವುದು ಹೆಸರಿಗೆ ಮಾತ್ರ. ಮಣ್ಣಿನ ಚೀಲಗಳನ್ನು ಗೋಡೆಯ ಹಾಗೆ ಪೇರಿಸಿ ಹಿಂದೆ ಬಗ್ಗಿ ಕೂರುವುದು. ತಲೆ ಎತ್ತಿದವನು ತಲೆ ಕೊಟ್ಟ ಹಾಗೆ. ನೋಡುವುದಕ್ಕೆ ಮೇಲೊಂದು ಕೆಳಗೊಂದು ಕನ್ನಡಿ ಇಟ್ಟ ಉದ್ದದ ಮರದ ಪೆಟ್ಟಿಗೆ. ಸಿಪಾಯಿಗಳು ಅದನ್ನು ಪೆರಿಸ್ಕೋಪು ಅನ್ನುತ್ತಿದ್ದರು. ಗುಂಡು ಹಾರಿಸುವುದಕ್ಕೆ ಚೀಲಗಳ ನಡುವೆ ಉಕ್ಕಿನ ಹಲಗೆ, ಅದರಲ್ಲಿ ಅಂಗೈಯಷ್ಟು ಕಿಂಡಿ. ಕಿಂಡಿಯ ಮುಚ್ಚಳ ಸರಿಸುವ ಮೊದಲು ಬೆನ್ನ ಹಿಂದೆ ಗೋಣಿತಾಟು ಇಳಿಬಿಡಬೇಕು. ಇಲ್ಲದಿದ್ದರೆ ಹಿಂದಿನ ಬೆಳಕು ಕಿಂಡಿಯಲ್ಲಿ ಮಿನುಗುತ್ತದೆ, ಆಚೆಯವನಿಗೆ ಅಷ್ಟೇ ಸಾಕು.

ತಾಟು ಇಳಿಬಿಟ್ಟರೂ ಒಂದು ಕಿಂಡಿಯಲ್ಲಿ ಆಗಲೇ ಇಬ್ಬರು ಸತ್ತಿದ್ದರು. ಆಚೆ ಯಾವನೋ ಒಬ್ಬ ಗುರಿಕಾರ ಅಡಗಿದ್ದ, ಎಲ್ಲಿದ್ದಾನೆಂದು ಕನ್ನಡಿಗೂ ಸಿಕ್ಕಿರಲಿಲ್ಲ. ಬರುವ ಸೋಮವಾರದಿಂದ ಆ ಕಿಂಡಿಗೆ ಒಡೀಲನ ಪಾಳಿ.

"ಅದಕ್ಕೇ ತಲೆ, ಮದಾಮ್," ಎಂದ ಕಮೀಲ್. "ನನ್ನ ತಲೆ ಗೋಡೆ ಮೇಲೆ ಇಣುಕುತ್ತೆ. ಅವನು ಹೊಡೀತಾನೆ. ಹಣೇಲಿ ಒಂದು ತೂತು, ಹಿಂದೆ ಒಂದು ತೂತು. ಆ ಎರಡು ತೂತಿನ ಗೆರೆ ಹಿಡಿದು ನೋಡಿದ್ರೆ ಬಡ್ಡೀಮಗ ಎಲ್ಲಿದ್ದಾನೆ ಗೊತ್ತಾಗುತ್ತೆ."

ರೊಮಾನಿ ಒಂದು ಡಬ್ಬ ಹಿಟ್ಟು ತಂದು ಮುಂದೆ ಕುಕ್ಕಿದಳು.

ಮೊದಲ ತಲೆ ಶುಕ್ರವಾರ ಮೇಲೆ ಹೋಯಿತು. ಶನಿವಾರ ಒಡೀಲ್ ಬಂದು ಹೊಟ್ಟೆ ಹಿಡಿದುಕೊಂಡು ನಗುತ್ತ ವರದಿ ಕೊಟ್ಟ.

"ಅಕ್ಕಾ, ಮೂಗು ಬದನೆಕಾಯಿ ಗಾತ್ರ! ಬಾಯಿ ಕಿವಿಯಿಂದ ಕಿವಿಗೆ! ಆಚೆಯವರು ಹೊಡೀಲಿಲ್ಲ ಕಣೇ, ಚಪ್ಪಾಳೆ ತಟ್ಟಿದ್ರು! ಒಬ್ಬ ಟೋಪಿ ಕೋಲಿಗೆ ಸಿಕ್ಕಿಸಿ ಬೀಸಿದ!"

ಕಮೀಲ್ ಹಿಂದೆ ತಲೆ ತಗ್ಗಿಸಿ ನಿಂತಿದ್ದ. "ಏನ್ಮಾಡ್ಲಿ ಮದಾಮ್, ಹುಟ್ಟಿದಾಗಿಂದ ಮಾಡಿದ್ದು ನಗೋ ತಲೆ. ಬೆರಳು ತಾನಾಗೇ ಆ ಕಡೆ ಹೋಗುತ್ತೆ."

"ನಗೋಕೆ ಏನಿದೆಯೋ ಇಲ್ಲಿ?" ರೊಮಾನಿಯ ಕೈಯಲ್ಲಿದ್ದ ಸೌಟು ಮೇಜಿಗೆ ಬಡಿಯಿತು. "ನಾಡಿದ್ದು ಇವನು ಆ ಕಿಂಡೀಲಿ ನಿಲ್ಬೇಕು. ನೀನು ಮೆರವಣಿಗೆ ಹೊರಡಿಸ್ತಿದ್ದೀಯಾ?"

ಕಮೀಲ್ ಅವಳನ್ನೇ ನೋಡಿದ. "ಹಾಗೇ ಇರಿ. ಅಲ್ಲಾಡ್ಬೇಡಿ."

"ಏನು?"

"ಇಂಥ ಹುಳಿ ಮುಖ ಇಡೀ ಫ್ಲಾಂಡರ್ಸ್ ಸೀಮೇಲಿ ಇನ್ನೊಂದಿಲ್ಲ, ಮದಾಮ್. ನೋಡಿದ ತಕ್ಷಣ ಗುಂಡು ಹಾರಿಸೋಣ ಅನ್ಸುತ್ತೆ."

ಒಡೀಲ್ ಅಕ್ಕನ ಕೈಯಿಂದ ಸೌಟು ಕಿತ್ತುಕೊಂಡಿದ್ದರಿಂದ ಕಮೀಲ್ ಬದುಕಿದ. ಆದರೂ ರೊಮಾನಿ ಕುಳಿತಳು. ತಮ್ಮನಿಗಾಗಿ ಸ್ಟೂಲಿನ ಮೇಲೆ, ಕಿಟಕಿಗೆ ಮುಖ ಮಾಡಿ, ಇನ್ನಷ್ಟು ಹುಳಿಯಾಗಿ ಕುಳಿತಳು. ಕಮೀಲ್ ಜೇಡಿ ಮಣ್ಣಿನಲ್ಲಿ ಮುಖ ತಿದ್ದಿ, ಅದರ ಮೇಲೆ ಪೇಪರು ಅಂಟಿಸಿ, ಒಲೆಯ ಬದಿಯಲ್ಲಿ ಒಣಗಿಸಿದ. ಅವನ ಹೆಬ್ಬೆರಳು ತುಟಿಯ ತುದಿಯನ್ನು ಮೇಲಕ್ಕೆ ಎಳೆದಾಗಲೆಲ್ಲ ರೊಮಾನಿ "ಹ್ಞೂಂ!" ಎಂದು ಗದರುತ್ತಿದ್ದಳು, ಅವನು ಕೆಳಕ್ಕೆ ತಳ್ಳುತ್ತಿದ್ದ. ಕೊನೆಗೆ ಒಂದು ಮೀಸೆ ಬರೆದು, ಸಿಪಾಯಿ ಟೋಪಿ ಇಟ್ಟ. ಬಾಯಿಗೊಂದು ಸಿಗರೇಟು, ಅದರ ಹಿಂದೆ ರಬ್ಬರ್ ಕೊಳವೆ. ಕೆಳಗಿನಿಂದ ಊದಿದರೆ ಸಿಗರೇಟು ಹೊಗೆ ಬಿಡುತ್ತಿತ್ತು.

"ನಮ್ಮಪ್ಪನ ಥರಾನೇ ಇದೆ," ಎಂದ ಒಡೀಲ್. ಅದಕ್ಕೆ ಅವನಿಗೆ ಬೆನ್ನಿಗೊಂದು ಗುದ್ದು ಬಿತ್ತು.

ಸೋಮವಾರ ಮಧ್ಯಾಹ್ನದವರೆಗೆ ರೊಮಾನಿ ಅಂಗಡಿ ತೆರೆಯಲಿಲ್ಲ. ಒಲೆಯ ಮೇಲಿದ್ದ ಮಜ್ಜಿಗೆ ಗಂಜಿ ತಳ ಹಿಡಿದದ್ದೂ ಅವಳಿಗೆ ತಿಳಿಯಲಿಲ್ಲ. ಬಾಗಿಲು ಬಡಿದ ಸದ್ದಿಗೆ ಓಡಿ ಹೋದರೆ ಕಮೀಲ್, ಕೈಯಲ್ಲಿ ಗೋಣಿಚೀಲ.

"ಒಡೀಲ್?"

"ಬೂಟು ತೊಳೀತಿದ್ದಾನೆ, ಬರ್ತಾನೆ."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ಕಮೀಲ್ ಪಕ್ಕದಲ್ಲಿ ಕುಳಿತು ಹೇಳಿದ. ಹೊಗೆ ಬಿಡುತ್ತ ತಲೆ ಮೇಲೆದ್ದದ್ದೇ ತಡ, ಠಪ್ಪೆಂದು ಗುಂಡು. ತಲೆ ಸಿಕ್ಕಿಸಿದ ಕೋಲನ್ನು ಹಲಗೆಗಳ ಸಂದಿಯಲ್ಲಿ ಅಲ್ಲಾಡದ ಹಾಗೆ ನೇರ ಕೆಳಕ್ಕೆ ಇಳಿಸಿದರು, ಪೆರಿಸ್ಕೋಪು ಎಷ್ಟು ಉದ್ದವೋ ಅಷ್ಟು, ಮೇಲಿನ ಕನ್ನಡಿ ಗುಂಡು ತಾಗಿದ ಎತ್ತರಕ್ಕೇ ಬರುವ ಹಾಗೆ. ಪೆರಿಸ್ಕೋಪಿನ ಕೆಳಗನ್ನಡಿ ಹಣೆಯ ತೂತಿಗೆ, ಒಡೀಲನ ಕಣ್ಣು ಹಿಂದಿನ ತೂತಿಗೆ. ದೂರದಲ್ಲಿ ಬೋಳು ವಿಲೋ ಮರದ ಮೋಟು. ಅದರ ಪೊಟರೆಯೊಳಗೆ ಅವನು. ಆಮೇಲಿನದು ಫಿರಂಗಿಯವರ ಕೆಲಸ.

ಚೀಲದಿಂದ ತಲೆ ಹೊರಗೆ ಬಂತು. ರೊಮಾನಿ ತನ್ನದೇ ಹಣೆಯ ತೂತಿನಲ್ಲಿ ಕಿರುಬೆರಳು ಇಟ್ಟು ನೋಡಿದಳು. ಹಣೆಗೆ ಗುಂಡು ತಿಂದು ಅದೇ ಸಂಜೆ ಸಿಪಾಯಿಗಳಿಗೆ ಸೂಪು ಬಡಿಸಿದ ಹೆಂಗಸು ಆ ಸೀಮೆಯಲ್ಲಿ ಅವಳೊಬ್ಬಳೇ.

ಕಮೀಲ್ ಗುಂಡಿಗೆ ಸಾಯಲಿಲ್ಲ. ಕೊಳಕು ನೀರು ಕುಡಿದು, ಜ್ವರ ಹತ್ತಿ, ಆ ಚಳಿಗಾಲದಲ್ಲೇ ಹೋದ. ಅದಕ್ಕೆ ಸ್ವಲ್ಪ ಮೊದಲು ಒಮ್ಮೆ ಅಂಗಡಿಗೆ ಬಂದಿದ್ದ. ಆಗಲೇ ಕಣ್ಣು ಕೆಂಪಾಗಿದ್ದವು. ಆಚೆ ಹೊಸ ಗುರಿಕಾರ ಬಂದಿದ್ದ, ಕಿಂಡಿಯಲ್ಲಿ ಮತ್ತೆ ಒಡೀಲ್.

"ಇನ್ನೊಂದ್ಸಲ ಕೂರ್ತೀನಿ ಬಾ," ಎಂದಳು ರೊಮಾನಿ, ಸ್ಟೂಲು ಎಳೆಯುತ್ತ.

"ಬೇಡ ಮದಾಮ್, ನಿಮ್ಮ ಗುರುತು ಹತ್ಬಿಟ್ಟಿದೆ. ಈಗ ನಿಮ್ಮ ತಲೆ ಎತ್ತಿದ್ರೆ ಅವ್ರು ನಮಸ್ಕಾರ ಹೊಡೀತಾರೆ."

"ಮತ್ತೆ ಯಾರ ಮುಖ?"

ಕಮೀಲ್ ಕಿಟಕಿಯಾಚೆ ನೋಡಿದ. ಊರಿನ ಪಾದ್ರಿ ಫಾದರ್ ವೆರ್‌ಹೆಗ್ಗೆ, ಕಾರ್ನಿವಲ್ ಅಂದರೆ ಸೈತಾನನ ಹಬ್ಬ ಎಂದು ಪ್ರತಿ ಪ್ರವಚನದಲ್ಲೂ ಉಗಿಯುವವರು, ಕೆಸರಿನಲ್ಲಿ ನಿಲುವಂಗಿ ಎತ್ತಿಕೊಂಡು ಹೋಗುತ್ತಿದ್ದರು.

"ಭಾನುವಾರ ಚರ್ಚಲ್ಲಿ ಮುಂದಿನ ಸಾಲಲ್ಲೇ ನಂಗೊಂದು ಜಾಗ ಹಿಡಿದಿಡಿ, ಮದಾಮ್," ಎಂದ. "ಯಾಕೆ ಅಂತ ಫಾದರ್ ಕೇಳಿದ್ರೆ, ಪಾಪ, ಪಶ್ಚಾತ್ತಾಪ ಪಡೋಕೆ ಬರ್ತಿದ್ದಾನೆ ಅಂತ ಹೇಳ್ಬಿಡಿ."