ತಮ್ಮನ ಹಡಗು, ನನ್ನ ಹಕಾರ

ನನ್ನ ತಮ್ಮನಿಗೆ ಮಾತು ಕಲಿಸುವ ಭಾರವನ್ನು ಕಳೆದ ವರ್ಷ ನಾನು ಎರಡನೆಯ ಸಲ ಹೊತ್ತುಕೊಂಡೆ. ಮೊದಲನೆಯ ಸಲ ಹೊತ್ತಾಗ ಅವನಿಗೆ ಹದಿಮೂರು, ನನಗೆ ಇಪ್ಪತ್ತೈದು. ಹನೂರಿನ ಪ್ರೌಢಶಾಲೆಯಲ್ಲಿ ನಾನು ಆಗತಾನೆ ನೇಮಕಗೊಂಡ ಕನ್ನಡ ಮೇಷ್ಟ್ರು, ಅವನು ಮೂರನೆಯ ಬೆಂಚಿನ ವಿದ್ಯಾರ್ಥಿ. ಎರಡನೆಯ ಸಲಕ್ಕೆ ಅವನಿಗೆ ಐವತ್ತನಾಲ್ಕು. ನೌಕಾಪಡೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದು, ನಿವೃತ್ತನಾಗಿ, ಹೆಂಡತಿಯ ಊರಾದ ಯಳಂದೂರಿನಲ್ಲಿ ಮನೆ ಮಾಡಿಕೊಂಡಿದ್ದ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವನು ಹಾಗೇ ಕುಸಿದ. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಬಿದ್ದವು. ಮೈಸೂರಿನ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದು ಬಂದ ಮೇಲೆ ಕಾಲು ಅಷ್ಟಿಷ್ಟು ಹೇಳಿದ ಮಾತು ಕೇಳಿತು. ಮಾತು ಮಾತ್ರ ಯಾರ ಮಾತನ್ನೂ ಕೇಳಲಿಲ್ಲ.

ನಾವು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ತಾನು ಹೇಳಬೇಕಾದದ್ದೂ ತಿಳಿದಿತ್ತು. ಅದು ತುಟಿಯ ತನಕ ಬಂದು, ಗೇಟು ಹಾಕಿರುವುದನ್ನು ಕಂಡು ಹಿಂದಿರುಗುತ್ತಿತ್ತು. ಆಸ್ಪತ್ರೆಯಿಂದ ಹೊರಡುವ ದಿನ ಮಾತಿನ ಚಿಕಿತ್ಸೆಯ ಮೇಡಂ ನಮ್ಮನ್ನು ಕೂರಿಸಿಕೊಂಡು ಹೇಳಿದರು: “ಸರ್, ಮೊದಲ ಕೆಲವು ತಿಂಗಳು ಬಹಳ ಮುಖ್ಯ. ಅವರಿಗೆ ಇಷ್ಟವಾದ ವಿಷಯ ತೆಗೆದು ದಿನಾ ಮಾತಾಡಿಸಿ. ಏನು ಬಂದರೂ ತಿದ್ದಬೇಡಿ. ತಪ್ಪೋ ಸರಿಯೋ, ಬರಲಿ.”

ನಾನು ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ. ಕೆಂಪು ಶಾಯಿಯನ್ನು ನಾನು ಜೀವಮಾನವೆಲ್ಲ ಯಾವ ಕೆಲಸಕ್ಕೆ ಬಳಸಿದವನು ಎಂಬುದು ಆ ಮೇಡಂಗೆ ತಿಳಿದಿರಲಿಲ್ಲ.

ನನ್ನ ವೃತ್ತಿಜೀವನದ ಮಹಾಯುದ್ಧದ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ನಮ್ಮ ಸೀಮೆಯಲ್ಲಿ ಹಕಾರ ಎಂಬ ಅಕ್ಷರ ಪುಸ್ತಕದಲ್ಲಿ ಮಾತ್ರ ವಾಸ ಮಾಡುತ್ತದೆ. ಹೋಗು ಎಂಬುದು ಓಗು, ಹಾಲು ಎಂಬುದು ಆಲು, ಹನೂರೇ ಅನೂರು. ತಾಲ್ಲೂಕಿನ ಹೆಸರನ್ನೇ ತಾಲ್ಲೂಕಿನವರು ಅರ್ಧ ನುಂಗಿಬಿಡುವಲ್ಲಿ ಹಕಾರದ ಧ್ವಜ ನೆಡಲು ನಾನು ಟೊಂಕ ಕಟ್ಟಿದೆ. ವಿಧಾನ ನನ್ನದೇ. ಹುಡುಗನ ಬಾಯಿಯ ಮುಂದೆ ನನ್ನ ಅಂಗೈ ಹಿಡಿಯುವುದು. ಹಕಾರ ಹೇಳಿದರೆ ಉಸಿರು ತಾಗಬೇಕು. ತಾಗದಿದ್ದರೆ ಆ ಅಂಗೈಗೂ ಕೆನ್ನೆಗೂ ಹೆಚ್ಚು ದೂರವಿರಲಿಲ್ಲ. ಇಷ್ಟು ಮಾಡಿ ನಾನು ಪೂರ್ತಿ ಗೆದ್ದದ್ದು ಒಬ್ಬನನ್ನೇ, ನನ್ನ ತಮ್ಮನನ್ನು. ಉಳಿದವರಿಗೆ ಸಂಜೆ ನಾಲ್ಕೂವರೆಗೆ ಬಿಡುಗಡೆಯಿತ್ತು. ಅವನಿಗೆ ಮನೆಯಲ್ಲೂ ಅದೇ ಮೇಷ್ಟ್ರು.

ಅವ್ವನ ಮೇಲೆ ಈ ವಿಧಾನ ನಡೆಯಲಿಲ್ಲ. ತಮ್ಮ ನೌಕಾಪಡೆಗೆ ಸೇರಿ ಮೊದಲ ಹಡಗು ಹತ್ತಿದಾಗ ಅವಳು ಕೌದಳ್ಳಿಯ ನಮ್ಮ ಬೀದಿಗೆಲ್ಲ ಸುದ್ದಿ ಹಂಚಿದಳು: “ನಮ್ ಚಿಕ್ಕೋನು ಅಡಗಲ್ಲವ್ನೆ.” ಸಮುದ್ರ ಕಾಣದ ಊರಿನಲ್ಲಿ ಆ ಪದಕ್ಕೆ ಇದ್ದದ್ದು ಒಂದೇ ಅರ್ಥ, ಬಚ್ಚಿಟ್ಟುಕೊಳ್ಳುವುದು. ಅದೂ ಅಲ್ಲದೆ, ಆ ಕಾಲಕ್ಕೆ ನಮ್ಮ ಕಾಡಂಚಿನಲ್ಲಿ ಅಡಗಿದವರನ್ನು ಹುಡುಕುವುದೇ ಸರ್ಕಾರದ ದೊಡ್ಡ ಕೆಲಸವಾಗಿತ್ತು.

ಎದುರುಮನೆಯ ಮುದುಕ ಗಾಬರಿಯಾದ. “ಯಾಕವ್ವ, ಏನ್ ಮಾಡ್ಬುಟ್ಟ? ಒಳ್ಳೆ ಐದ ಅಲ್ವಾ ಅವ್ನು?”

“ಅಯ್, ಸರ್ಕಾರದೋರೇ ಕರ್ಕಂಡೋದ್ರು ಕಣ್ ಸುಮ್ಕಿರು,” ಎಂದಳು ಅವ್ವ, ಹೆಮ್ಮೆಯಿಂದ.

“ಅಂಗಾರೆ ಪೋಲೀಸ್ನೋರು ಇಡ್ದೇಬುಟ್ರಾ!”

ಅವ್ವ ಈಗಿಲ್ಲ. ಅವಳು ಹೇಳಿದ್ದೇ ಸರಿ ಎಂದು ಕೊನೆಗೆ ತೀರ್ಪು ಕೊಟ್ಟವನು ನನ್ನ ತಮ್ಮ. ಸೇವೆಯ ಕಡೆಯ ವರ್ಷಗಳಲ್ಲಿ ಅವನು ಹೊಸ ಕಾಲದ ಒಂದು ಫ್ರಿಗೇಟಿನ ರಾಡಾರ್ ವಿಭಾಗದಲ್ಲಿದ್ದ. ದೊಡ್ಡ ಹಡಗುಗಳ ಜೊತೆಜೊತೆಗೆ ಸಾಗುತ್ತ, ಅವುಗಳ ನೆತ್ತಿಯ ಮೇಲಿನ ಆಕಾಶವನ್ನು ಕಾಯುವುದು ಆ ಯುದ್ಧನೌಕೆಯ ಕಸುಬು. ವಿಮಾನವಾಗಲಿ, ಕ್ಷಿಪಣಿಯಾಗಲಿ, ಬರುತ್ತಿರುವುದನ್ನು ದೂರದಲ್ಲೇ ಕಂಡು ನಡುದಾರಿಯಲ್ಲೇ ಕೆಡವಬೇಕು. ಮೆರವಣಿಗೆಯಲ್ಲಿ ಕೊಡೆ ಹಿಡಿಯುವವನ ಹಾಗೆ ಎಂದುಕೊಳ್ಳಿ. ಕೊಡೆ ಹಿಡಿಯುವವನು ತಾನೇ ಮೊದಲು ಕಣ್ಣಿಗೆ ಬೀಳಬಾರದಲ್ಲ, ಹಾಗಾಗಿ ಅದರ ಮೈಯನ್ನು ಶತ್ರುವಿನ ರಾಡಾರಿಗೆ ಸಿಗದ ಹಾಗೆ ಕಟ್ಟಿದ್ದರಂತೆ. ರಜೆಯಲ್ಲಿ ಬಂದಾಗ ಒಮ್ಮೆ ಹೇಳಿದ್ದ: “ಅವ್ವ ಇಟ್ಟದ್ದೇ ಅದಕ್ಕೆ ಸರಿಯಾದ ಹೆಸರು ಅಣ್ಣ. ಅದು ಹಡಗಲ್ಲ, ಅಡಗು.”

ನಾನು ನಗಲಿಲ್ಲ. ಉಚ್ಚಾರಣೆಯ ವಿಷಯದಲ್ಲಿ ನಾನು ನಗುವವನಲ್ಲ.

ಹೇಳಬಾರದ್ದನ್ನು ಅವನು ಎಂದೂ ಹೇಳಲಿಲ್ಲ. ಹೇಳಿದ್ದರೂ ನನಗೆ ಅರ್ಥವಾಗುತ್ತಿರಲಿಲ್ಲ. ಹೀಗೆ ದೇಶದ ಗುಟ್ಟು ನಮ್ಮಿಬ್ಬರ ನಡುವೆ ಎರಡು ಪಟ್ಟು ಭದ್ರವಾಗಿತ್ತು. ನಿವೃತ್ತನಾದ ಮೇಲೆ ಯಳಂದೂರಿನ ಟೀ ಅಂಗಡಿಯಲ್ಲಿ ಯಾರೋ ಕೇಳಿದರಂತೆ, ಇಷ್ಟು ವರ್ಷದಲ್ಲಿ ಎಷ್ಟು ವಿಮಾನ ಹೊಡೆದಿರಿ ಎಂದು. “ಒಂದೂ ಇಲ್ಲ ಸ್ವಾಮಿ. ಹೊಡೆಯೋ ಪ್ರಸಂಗ ಬರದ ಹಾಗೆ ನೋಡಿಕೊಳ್ಳೋದಕ್ಕೇ ಸಂಬಳ,” ಎಂದನಂತೆ. ಕಿಟಕಿಯಿಲ್ಲದ ಮಬ್ಬು ಕೋಣೆಯಲ್ಲಿ ಪರದೆಯ ಮುಂದೆ ಪಾಳಿಯ ಮೇಲೆ ಕೂತು, ಬಾರದೇ ಇರುವುದನ್ನು ಕಾಯುವುದು. ಸಮುದ್ರದ ಮೇಲಿದ್ದೂ ಸಮುದ್ರ ನೋಡದೆ ಎಷ್ಟೋ ದಿನ ಕಳೆಯುತ್ತಿತ್ತು ಎಂದಿದ್ದ.

ಸರಿ, ಪಾಠ ಶುರುವಾಯಿತು. ವಾರಕ್ಕೆ ಮೂರು ದಿನ, ನಾನು ನೆಲೆಸಿರುವ ಕೊಳ್ಳೇಗಾಲದಿಂದ ಬಸ್ಸು ಹತ್ತಿ ಯಳಂದೂರಿಗೆ ಹೋಗುತ್ತಿದ್ದೆ. ಮೊದಲ ಎರಡು ವಾರ ಅ ಆ ಇ ಈ. ನನ್ನ ತಮ್ಮ ಸೂರು ನೋಡುತ್ತ ಕೂತಿರುತ್ತಿದ್ದ. ಅವನ ಹೆಂಡತಿಗೇ ಸಾಕಾಗಿ ಹೋಯಿತು.

“ಬಾವ, ಒಂದ್ನೇ ಕ್ಲಾಸ್ ಐಕ್ಳಿಗೆ ಏಳ್ಕೊಟ್ಟಂಗೆ ಏಳ್ಕೊಡ್ತೀರಲ್ಲ! ಅವರ್ ಅಡಗಿನ್ ಇಸ್ಯ ತಗೀರಿ. ಅದ್ರ ಸುದ್ದಿ ಬಂದ್ರೆ ಉಣ್ಣದ್ನೂ ಮರೀತಿದ್ರು.”

ಬುದ್ಧಿವಂತೆ. ನಾನು ಅವಳ ಸಲಹೆಗೆ ನನ್ನದೊಂದು ತಂತ್ರ ಸೇರಿಸಿದೆ. ಹಡಗಿನ ಬಗ್ಗೆ ಬೇಕೆಂದೇ ತಪ್ಪು ತಪ್ಪಾಗಿ ಹೇಳುವುದು. ಇನ್ನೊಬ್ಬರ ತಪ್ಪು ತಿದ್ದುವ ಆಸೆಯಷ್ಟು ಬಲವಾದ ಆಸೆ ಮನುಷ್ಯನಿಗೆ ಬೇರೊಂದಿಲ್ಲ. ಇದು ನನ್ನ ಸ್ವಂತ ಅನುಭವ.

“ನಿನ್ನ ಹಡಗಿನ ರಾಡಾರು ಬುಗುರಿ ಥರ ಗಿರಗಿರ ಸುತ್ತುತ್ತಿತ್ತಲ್ಲವೇನಪ್ಪ?” ಎಂದೆ.

ಸೂರಿನಿಂದ ಕಣ್ಣು ಇಳಿಯಿತು. ಇಲ್ಲ ಎಂದು ತಲೆಯಾಡಿಸಿದ. ಎಡಗೈಯಲ್ಲಿ ಬೆಂಕಿಪೆಟ್ಟಿಗೆ ಎತ್ತಿಕೊಂಡು ನೆಟ್ಟಗೆ ನಿಲ್ಲಿಸಿ, ಅದರ ನಾಲ್ಕು ಮುಖವನ್ನೂ ಒಂದೊಂದಾಗಿ ಬೆರಳಿನಿಂದ ತಟ್ಟಿದ. ನಾಲ್ಕು ದಿಕ್ಕಿಗೆ ನಾಲ್ಕು ಚಪ್ಪಟೆ ಕಣ್ಣು. ತಿರುಗುವ ಅಗತ್ಯವೇ ಇಲ್ಲ, ಯಾವಾಗಲೂ ಎಲ್ಲ ಕಡೆಯೂ ನೋಟ.

ಮುಂದಿನ ಪಾಠಕ್ಕೆ, “ಅದರ ಗೋಡೆ ನಮ್ಮ ಕೌದಳ್ಳಿ ಮನೆ ಗೋಡೆಯ ಹಾಗೆ ನೆಟ್ಟಗೆ,” ಎಂದೆ. ನಡುಮನೆಗೆ ಬಿಸಿಲು ಬಿದ್ದಿತ್ತು. ಅವನು ಊಟದ ತಟ್ಟೆಯನ್ನು ನೆಟ್ಟಗೆ ಹಿಡಿದ. ಬೆಳಕು ಬಂದು ನನ್ನ ಮುಖಕ್ಕೇ ಬಡಿಯಿತು. ತಟ್ಟೆಯನ್ನು ಚೂರು ಹಿಂದಕ್ಕೆ ವಾಲಿಸಿದ. ಬೆಳಕು ಸೂರಿಗೆ ಹಾರಿತು, ನನಗೇನೂ ಕಾಣಲಿಲ್ಲ. ರಾಡಾರಿನ ಅಲೆಯೂ ಹಾಗೆಯೇ, ಕಳಿಸಿದವನಿಗೆ ಮರಳುವುದಿಲ್ಲ. ಅಷ್ಟು ದೊಡ್ಡ ಹಡಗು ಶತ್ರುವಿನ ಪರದೆಯ ಮೇಲೆ ಮೀನಿನ ದೋಣಿಯಷ್ಟು ಚುಕ್ಕೆಯಾಗಿ ಕಾಣುತ್ತದೆ ಎಂದು ಅವನು ಹಿಂದೆ ಹೇಳಿದ್ದು ನೆನಪಾಯಿತು. ಬಾಯಿದ್ದಾಗ ಅವನು ಹೇಳಿದ್ದು ನನಗೆ ಇಷ್ಟು ಚೆನ್ನಾಗಿ ಅರ್ಥವಾಗಿರಲಿಲ್ಲ.

ಕ್ಷಿಪಣಿಗಳ ಪಾಠಕ್ಕೆ ಊದುಬತ್ತಿಯ ಕಟ್ಟು ಬಂತು. ನಾನು ಬತ್ತಳಿಕೆ ಎಂಬ ಪದವನ್ನು ಗಂಭೀರವಾಗಿ ಪ್ರಯೋಗಿಸಿದೆ. ಅವನು ಕಟ್ಟನ್ನು ಲೋಟದೊಳಗೆ ನಿಲ್ಲಿಸಿ, ಒಂದು ಕಡ್ಡಿಯನ್ನು ಮೇಲಕ್ಕೆಳೆದು ತೋರಿಸಿದ. ಬತ್ತಳಿಕೆ ಬೆನ್ನ ಮೇಲಲ್ಲ, ಹಡಗಿನ ಹೊಟ್ಟೆಯೊಳಗೆ. ಮುಚ್ಚಳ ತೆಗೆದರೆ ನೆಟ್ಟಗೆ ಮೇಲಕ್ಕೆ ಚಿಮ್ಮಿ, ಆಮೇಲೆ ಗುರಿಯ ಕಡೆ ಬಾಗುತ್ತದೆ. ಅದನ್ನೂ ತಪ್ಪಿಸಿಕೊಂಡು ಶತ್ರುವಿನ ಕ್ಷಿಪಣಿ ಹತ್ತಿರ ಬಂದರೆ? ಅವನು ಹೆಂಡತಿಯ ಹಳೆಯ ಕೊಳ್ಳೇಗಾಲದ ಸೀರೆಯ ಅಂಚಿನಿಂದ ಕಿತ್ತ ಜರಿಯ ಎಳೆಗಳನ್ನು ಗಾಳಿಗೆ ತೂರಿದ. ಇಂಥದೇ ಹೊಳೆಯುವ ಎಳೆಗಳ ಮೋಡವನ್ನು ಹಡಗು ಆಕಾಶಕ್ಕೆ ಎಸೆಯುತ್ತದೆ. ಬಂದ ಕ್ಷಿಪಣಿ ಮೋಡವನ್ನೇ ಹಡಗೆಂದು ನಂಬಿ ಅತ್ತ ಹೋಗುತ್ತದೆ.

“ಅಯ್ಯೋ ನನ್ ಸೀರೆ!” ಎಂದಳು ಅವಳು. ಅವನು ನಕ್ಕ. ಅರ್ಧ ಮುಖದಲ್ಲಿ ನಕ್ಕರೂ ನಗುವಿಗೆ ದನಿಯಿತ್ತು. ಕಾಯಿಲೆಯಾದ ಮೇಲೆ ಅವನ ಗಂಟಲಿನಿಂದ ಹೊರಟ ಮೊದಲ ಒಳ್ಳೆಯ ಸದ್ದು ಅದು. ಇನ್ನೇನು ಬರುತ್ತದೆ ಎನ್ನಿಸಿತು.

ಅದರ ಮುಂದಿನ ಶುಕ್ರವಾರ ನಾನು ದೊಡ್ಡ ಅಸ್ತ್ರವನ್ನೇ ಬಿಟ್ಟೆ. “ಎಷ್ಟು ಹೇಳಿದರೂ ಅಷ್ಟೇ ಬಿಡಪ್ಪ,” ಎಂದೆ. “ಕೊನೆಗೆ ಅದೊಂದು ದೊಡ್ಡ ದೋಣಿ.”

ಅವನ ಮುಖ ಕೆಂಪಾಯಿತು. ಕತ್ತಿನ ನರ ಉಬ್ಬಿತು. ಎಡಗೈ ಕುರ್ಚಿಯ ತೋಳನ್ನು ಹಿಡಿಯಿತು. ತುಟಿ ಸೇರಿತು, ಬಿಟ್ಟಿತು, ಮತ್ತೆ ಸೇರಿತು.

“ಅ... ಅಡ... ಅಡಗು,” ಎಂದ.

ಅಡುಗೆಮನೆಯಿಂದ ಅವನ ಹೆಂಡತಿ ರಾಗಿಹಿಟ್ಟಿನ ಕೈಯಲ್ಲೇ ಓಡಿಬಂದಳು. ಆ ಗಳಿಗೆಯಲ್ಲಿ ನಾನು ಏನು ಮಾಡಬಹುದಿತ್ತು! ಅಪ್ಪಿಕೊಳ್ಳಬಹುದಿತ್ತು. ಅಳಬಹುದಿತ್ತು. ಸುಮ್ಮನಾದರೂ ಇರಬಹುದಿತ್ತು. ನನ್ನ ಕೈ ತಾನಾಗಿ ಮೇಲೆದ್ದು ಅವನ ಬಾಯಿಯ ಮುಂದೆ ಅಂಗೈ ಹಿಡಿಯಿತು.

“ಹ,” ಎಂದೆ. “ಹಡಗು. ಉಸಿರು ಬಿಡು. ಹ.”

ಅವನು ಅಂಗೈಯನ್ನು ನೋಡಿದ, ಆಮೇಲೆ ನನ್ನನ್ನು. ಐವತ್ತನಾಲ್ಕು ವರ್ಷದ ಆ ಕಣ್ಣಿನಲ್ಲಿ ಮೂರನೆಯ ಬೆಂಚಿನ ಹುಡುಗ ಹಿಂದಕ್ಕೆ ಸರಿದು ಕೂತದ್ದು ನನಗೆ ಕಂಡಿತು. ಬಾಯಿ ಮುಚ್ಚಿತು. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

“ಏನ್ ಬಾವ ನೀವು,” ಎಂದಳು ಅವಳು. ಹಿಟ್ಟಿನ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದಳು.

ಬಸ್ಸಿನಲ್ಲಿ ಬರುವಾಗ ಇನ್ನೊಂದು ವಿಷಯ ಹೊಳೆಯಿತು. ನಲವತ್ತು ವರ್ಷದಿಂದ ಅವನ ಹಕಾರ ತಪ್ಪಿರಲಿಲ್ಲ. ಅವತ್ತು ಅವನ ಬಾಯಿಗೆ ಬಂದದ್ದು ತಪ್ಪು ಉಚ್ಚಾರಣೆಯೇ, ಅಥವಾ ಅವ್ವನ ಮಾತನ್ನೇ ನೆನೆದು, ಅವನು ನನ್ನೊಡನೆ ಹಳೆಯ ತಮಾಷೆಯೊಂದನ್ನು ಆಡಿದ್ದನೇ? ವಾರಗಟ್ಟಲೆ ಒದ್ದಾಡಿ ಹೊರತಂದ ಮೊದಲ ಮಾತೇ ತಮಾಷೆಯಾಗಿದ್ದರೆ, ಅದಕ್ಕೆ ನಾನು ಕೊಟ್ಟ ಉತ್ತರ ಇದು.

ಶತ್ರು ಹತ್ತಿರದಲ್ಲೇ ಹುಡುಕುತ್ತಿದ್ದಾನೆ ಎಂದು ಗೊತ್ತಾದರೆ ಹಡಗು ತನ್ನ ರಾಡಾರು, ರೇಡಿಯೋ ಎಲ್ಲ ಆರಿಸಿ ಸಾಗುವುದುಂಟಂತೆ. ಅಲೆ ಬಿಟ್ಟರೆ ಅದನ್ನೇ ಹಿಡಿದುಕೊಂಡು ಅವನು ಬಂದುಬಿಡುತ್ತಾನೆ. ಆದ್ದರಿಂದ ಬರೀ ಕೇಳಿಸಿಕೊಳ್ಳುವುದು, ತಾನು ಉಸಿರೆತ್ತದಿರುವುದು. ನನ್ನ ತಮ್ಮ ನನ್ನ ವಿಷಯದಲ್ಲಿ ಆ ಆಜ್ಞೆಯನ್ನು ಜಾರಿ ಮಾಡಿದ.

ನನ್ನ ವಿಷಯದಲ್ಲಿ ಮಾತ್ರ. ಅವನ ಹೆಂಡತಿ ಫೋನಿನಲ್ಲಿ ಹೇಳುತ್ತಿದ್ದಳು: “ಇವತ್ತು ನೀರು ಅಂದ್ರು ಬಾವ.” ಹತ್ತು ದಿನದ ಮೇಲೆ: “ಆಲು ಕೊಡು ಅಂದ್ರು.” ಪೇಪರ್ ಹಾಕುವವನಿಗೆ “ಲೇ, ಬಾ” ಎಂದನಂತೆ. ನಾನು ಹೊಸ್ತಿಲು ದಾಟಿದರೆ ಬಾಯಿ ಬಂದ್. ಊಟ ಮಾಡುತ್ತಾನೆ, ನಾನು ಹೇಳಿದ್ದಕ್ಕೆ ತಲೆಯಾಡಿಸುತ್ತಾನೆ. ಸಿಟ್ಟೂ ಕಾಣಿಸುವುದಿಲ್ಲ.

ಒಂದು ದಿನ ನಾನು ನಲವತ್ತು ವರ್ಷದ ವ್ರತ ಮುರಿದೆ. ಅವನ ಪಕ್ಕದಲ್ಲಿ ಕೂತು, ಕೌದಳ್ಳಿಯಲ್ಲಿ ನಾವು ಆಡುತ್ತಿದ್ದ ಹಾಗೆ, “ಏನ್ಲಾ, ಎಂಗಿದ್ದೀಯೆ? ತ್ವಾಟದ್ ಕಡೀಕೆ ಓಗಿ ಬರದಾ?” ಎಂದೆ. ಹಳ್ಳಿಯವನ ಪಾತ್ರ ಹಾಕಿದ ಪಟ್ಟಣದ ನಟನ ದನಿಯಂತೆ ನನ್ನ ಕಿವಿಗೇ ಕೇಳಿಸಿತು. ಅವನು ನನ್ನ ಕಡೆ ತಿರುಗಿದ. ಎಡಗೈಯಿಂದ ನನ್ನ ಮೊಣಕಾಲನ್ನು ಎರಡು ಸಲ ತಟ್ಟಿದ, ಸಣ್ಣವರನ್ನು ಸಮಾಧಾನ ಮಾಡುವ ಹಾಗೆ.

ಹೊರಡುವಾಗ ಅವನ ಹೆಂಡತಿ ಗೇಟಿನ ತನಕ ಬಂದಳು. “ತಪ್ ತಿಳ್ಕಬ್ಯಾಡಿ ಬಾವ. ನೀವ್ ಬಂದ್ ದಿನ ಸಂಜೆ ಆಗೋಗಂಟ ಬಾಯ್ ಬುಡಕಿಲ್ಲ ಅವ್ರು. ದಿನಾ ಮಾತಾಡುಸ್ಬೇಕು ಅಂದವ್ರೆ ಆ ಮೇಡಮ್ಮು...” ಗೇಟಿನ ಚಿಲಕವನ್ನು ಸುಮ್ಮನೆ ಹಾಕಿ ತೆಗೆದು ಮಾಡಿದಳು.

ಈಗ ತಿಂಗಳಿಗೆ ಒಂದು ಸಲ ಹೋಗುತ್ತೇನೆ. ಅರ್ಧ ಗಂಟೆ ಕೂತು, ಊಟದ ಹೊತ್ತಿಗೆ ಮುಂಚೆಯೇ ಎದ್ದುಬಿಡುತ್ತೇನೆ. ಬಸ್ಸಿನಲ್ಲಿ ಸೀಟು ಹಿಡಿದ ಮೇಲೆ ಅವಳಿಗೆ ಫೋನ್ ಮಾಡಿ, “ಬಸ್ಸು ಹೊರಟಿತು ಕಣಮ್ಮ,” ಎನ್ನುತ್ತೇನೆ. ಅವಳು “ಆಯ್ತು ಬಾವ,” ಎನ್ನುತ್ತಾಳೆ. ಒಂದೊಂದು ಸಲ ಫೋನನ್ನು ಕಟ್ ಮಾಡದೆ ಹಾಗೇ ಪಕ್ಕದಲ್ಲಿ ಇಟ್ಟುಬಿಡುತ್ತಾಳೆ. ಮರೆತು ಇಡುತ್ತಾಳೋ, ಬೇಕೆಂದೇ ಇಡುತ್ತಾಳೋ, ನಾನು ಕೇಳಿಲ್ಲ.

ಹೋದ ತಿಂಗಳೂ ಹಾಗೇ ಇಟ್ಟಳು. ಮೊದಲು ಪಾತ್ರೆಯ ಸದ್ದು ಕೇಳಿಸಿತು. ಆಮೇಲೆ ನಿಧಾನವಾಗಿ, ಒಂದೊಂದೇ ಮೆಟ್ಟಿಲು ಇಳಿಯುವವನ ಹಾಗೆ, ನನ್ನ ತಮ್ಮನ ದನಿ.

“ಅಣ್ಣ... ಓದ್ನಾ?”

“ಊಂ, ಓದ್ರು.”

“ಊಟ... ಮಾಡ್ನಾ?”

“ಇಲ್ಲ ಕಣ್ರಿ. ಬಸ್ಸಿಗೆ ಒತ್ತಾಯ್ತು ಅಂತ ಅಂಗೇ ಓದ್ರು.”

ಕಂಡಕ್ಟರ್ ಬಂದು, “ಎಲ್ಲಿಗ್ ಸಾ?” ಎಂದ. ನಾನು ಫೋನನ್ನು ಕಿವಿಯಿಂದ ತೆಗೆಯದೆ, ಬಾಯಿ ಬಿಡದೆ, ಕೊಳ್ಳೇಗಾಲದ ದಿಕ್ಕಿಗೆ ಬೆರಳು ತೋರಿಸಿದೆ. ಅವನು ನನ್ನ ಮುಖ ನೋಡಿ, ಇನ್ನೊಮ್ಮೆ ಕೇಳದೆ, ಟಿಕೆಟ್ಟನ್ನು ಮೆಲ್ಲಗೆ ನನ್ನ ಕೈಯೊಳಗೆ ಇಟ್ಟು ಮುಂದಕ್ಕೆ ಹೋದ.