ಎರಡು ತಂಬಿಗೆ ಹೂರಣದ ಹಾಲು

ಮೊನ್ನೆ ಮಗಳು ಸುಮಿತ್ರಾ ಅಡುಗೆಮನೆ ಒರೆಸುತ್ತಾ ಒಂದು ಡಬ್ಬಿ ಕೆಳಗಿಳಿಸಿದಳು. ಪ್ರೋಟೀನ್ ಪುಡಿಯ ಡಬ್ಬಿ. ಅವಳ ಅವ್ವನಿಗೆ, ಅಂದರೆ ನನ್ನ ಹೆಂಡತಿ ಕಾಶಿಬಾಯಿಗೆ, ಕಡೆಯ ದಿನಗಳಲ್ಲಿ ಡಾಕ್ಟರು ಬರೆದುಕೊಟ್ಟದ್ದು. ಡಬ್ಬಿಯ ಮೇಲೆ ಐಸ್‌ಕ್ರೀಮಿನ ಚಿತ್ರವಿತ್ತು. "ಇದ್ರಾಗ ಮೆಂತ್ಯೆ ಹಾಕಿಡ್ಲೇನಪ್ಪ?" ಎಂದು ಕೇಳಿ ಮುಚ್ಚಳ ತೆಗೆದಳು. ಸಿಹಿಯ ವಾಸನೆ ಬಂತು. ಡಬ್ಬಿ ಖಾಲಿ. ತಳದಲ್ಲಿ ಒಂದು ಚಮಚ ಮಾತ್ರ ಬಿದ್ದಿತ್ತು.

ನನಗೆ ಅಚ್ಚರಿಯಾಯಿತು. ಏಕೆಂದರೆ ಆಕೆ ಅದನ್ನು ಒಂದು ಗುಟುಕು ಕುಡಿದು ಲೋಟ ಸರಿಸಿಟ್ಟದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಸರಿಸಿಟ್ಟು ನನಗಾಗಲಿ ಮಗಳಿಗಾಗಲಿ ಏನೂ ಹೇಳಲಿಲ್ಲ. ಗೋಡೆಯ ಗಡಿಯಾರದ ಕಡೆ ತಿರುಗಿ, "ಇದ್ರಾಗ ಹಾಲೂ ಇಲ್ಲ, ಹೋಳಿಗೀನೂ ಇಲ್ಲ ಅಂತ ಇವರಿಗಿ ಹೇಳು" ಎಂದಿದ್ದಳು.

ಗಡಿಯಾರಕ್ಕೆ ಹೇಳುವುದೇನು ಎಂದು ನೀವು ಕೇಳಬಹುದು. ಅದನ್ನು ಹೇಳಬೇಕೆಂದರೆ ನಮ್ಮ ಮದುವೆಯ ಹೊಸದರಲ್ಲಿ ಭಾಲ್ಕಿಯ ಮನೆಗೆ ಹೋಗಬೇಕು. ಹೇಗೂ ಬಂದಿದ್ದೀರಿ, ಕೂತುಕೊಳ್ಳಿ. ಆಕೆ ಹೋದಮೇಲೆ ಈ ಮನೆಯಲ್ಲಿ ಇಷ್ಟುದ್ದ ಮಾತಾಡುವವರು ಯಾರೂ ಇಲ್ಲ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು. ನಾನು ಜಮೀನು ಅಳೆಯುವ ಕಚೇರಿಯಲ್ಲಿ ಸರಪಳಿ ಎಳೆಯುವ ಕೆಲಸದಲ್ಲಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸರಪಳಿಯ ಆ ತುದಿ ಒಬ್ಬ, ಈ ತುದಿ ಒಬ್ಬ ಹಿಡಿದು ಹೊಲ ಹೊಲ ತಿರುಗಬೇಕು. ಕಲಿತದ್ದು ನಾಲ್ಕಕ್ಷರ ಉರ್ದು, ನಾಲ್ಕಕ್ಷರ ಕನ್ನಡ. ಮೈಯಲ್ಲಿದ್ದದ್ದೂ ಅಷ್ಟೇ ನಾಲ್ಕು ಎಲುಬು. ಗಾಳಿ ಜೋರಾದರೆ ಸರಪಳಿಯೇ ನನ್ನನ್ನು ಹಿಡಿದು ನಿಲ್ಲಿಸುತ್ತಿತ್ತು. ಹೊಸ ರಾಜ್ಯದಲ್ಲಿ ಕಾಯಂ ಆಗಬೇಕಾದರೆ ಬೀದರದ ಸರಕಾರಿ ದವಾಖಾನೆಯಿಂದ ಮೈ ಗಟ್ಟಿ ಇದೆಯೆಂಬ ಕಾಗದ ತರಬೇಕು ಎಂದರು. ಹೋದೆ. ತೂಕದ ಯಂತ್ರದ ಮೇಲೆ ನಿಂತೆ. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಡಾಕ್ಟರು ಮುಳ್ಳು ನೋಡಿದರು, ನನ್ನನ್ನು ನೋಡಿದರು, ಮತ್ತೆ ಮುಳ್ಳು ನೋಡಿದರು.

"ಹತ್ತು ಪೌಂಡು ಕಡಿಮೆ ಇದೀರಲ್ಲಪ್ಪ. ಎರಡು ತಿಂಗಳು ಬಿಟ್ಟು ಬನ್ನಿ. ಹಾಲು, ಬೇಳೆ ಚೆನ್ನಾಗಿ ತಗೊಳ್ಳಿ. ಆಗಲೂ ಹೀಗೇ ಇದ್ರೆ ನಾನು ಬರೆದುಕೊಡೋಕಾಗಲ್ಲ."

ಬರೆದುಕೊಡದಿದ್ದರೆ ಕೆಲಸವಿಲ್ಲ. ಹೊಲವಿಲ್ಲದ ಮನೆ, ಅಪ್ಪ ತೀರಿಕೊಂಡಿದ್ದ. ಔರಾದ ತಾಲೂಕಿನ ಡಾಬಕಾದಿಂದ ಕಾಶಿಬಾಯಿ ನಮ್ಮ ಮನೆಗೆ ಬಂದು ಆರು ತಿಂಗಳಾಗಿತ್ತಷ್ಟೇ. ಭಾವನ ಕೆಲಸ ಹೋದರೆ ತಂಗಿಯನ್ನು ಕರೆದುಕೊಂಡು ಹೋಗುತ್ತೇನೆಂದು ಅವಳಣ್ಣ ಮದುವೆಯ ಚಪ್ಪರದಲ್ಲಿಯೇ ನಾಲ್ಕು ಜನರ ಮುಂದೆ ಹೇಳಿದ್ದ. ನಗುತ್ತಲೇ ಹೇಳಿದ್ದ, ಆದರೆ ಆತ ನಗುತ್ತ ಹೇಳಿದ್ದನ್ನೆಲ್ಲ ಮಾಡುವ ಮನುಷ್ಯ.

ಹಾಲು ಕುಡಿಯಿರಿ ಎಂದು ಡಾಕ್ಟರು ಹೇಳಿಬಿಟ್ಟರು. ಹಾಲಿನ ವಾಸನೆ ಬಂದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಬೇಳೆಯೂ ಅಷ್ಟಕ್ಕಷ್ಟೇ. ಹಬ್ಬದ ಹೋಳಿಗೆ ಮಾತ್ರ ಎಣಿಸದೆ ತಿನ್ನುತ್ತಿದ್ದೆ. ಈ ಗುಣವನ್ನು ಆರು ತಿಂಗಳಲ್ಲಿ ಕಾಶಿಬಾಯಿ ಕಂಡುಕೊಂಡಿದ್ದಳು. ಆದರೆ ನನ್ನೊಡನೆ ಮಾತಾಡುವಂತಿರಲಿಲ್ಲ. ಆಗ ನಮ್ಮಲ್ಲಿ ಹೊಸ ಸೊಸೆ ಅತ್ತೆಯಿರುವ ಮನೆಯಲ್ಲಿ ಗಂಡನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ಹೇಳಬೇಕಾದ್ದನ್ನು ಗೋಡೆಗೋ, ಒಲೆಗೋ, ದನಕ್ಕೋ ಹೇಳಬೇಕು, ಗಂಡನಾದವನು ಕೇಳಿಸಿಕೊಳ್ಳಬೇಕು. ನಮ್ಮ ಮನೆಯಲ್ಲಿ ಆ ಪಾಲು ಎಮ್ಮೆಗೆ ಬಂದಿತ್ತು. ಎಮ್ಮೆಯ ಹೆಸರು ಗೌರಿ. ನನ್ನ ಸಂಸಾರದ ಗುಟ್ಟೆಲ್ಲ ಗೌರಿಗೆ ಗೊತ್ತಿತ್ತು.

ಒಂದು ದಿನ ಬೆಳಗಾಗುವ ಮುಂಚೆ ಕೊಟ್ಟಿಗೆಗೆ ಹೋದರೆ ಗೋದಲೆಯ ಅಂಚಿನಲ್ಲಿ ಒಂದು ತಂಬಿಗೆ ಇತ್ತು. ಕಾಶಿಬಾಯಿ ಹಾಲು ಕರೆಯುತ್ತ ಎಮ್ಮೆಗೆ ಹೇಳಿದಳು: "ಗೌರಿ, ತಂಬಿಗಿ ಪೂರಾ ಕುಡೀಲಾಕ ಹೇಳು. ಹಾಲಿನ ನಾತ ಬರಾಂಗಿಲ್ಲ, ಹೂರಣದಂಗ ಅದ. ಯಾರಿಗೂ ಹೇಳಬಾರದು, ಅತ್ತಿಗಿ ಸುದ್ದಾ. ಮೈ ಹತ್ತೋದು ನಾಕ್ ಮಂದಿ ಕಣ್ಣಿಗಿ ಬಿದ್ರ ಹತ್ತಾಂಗಿಲ್ಲ."

ಮೂಗು ಹಿಡಿದುಕೊಂಡು ಬಾಯಿಗಿಟ್ಟೆ. ಮೂಗು ಬಿಟ್ಟೆ. ಹೌದು, ಹೋಳಿಗೆಯೇ! ಹೋಳಿಗೆಯೊಂದು ನೀರಾಗಿ ತಂಬಿಗೆಯೊಳಗೆ ಕೂತಿತ್ತು. ತಳ ಕಾಣುವ ತನಕ ಕುಡಿದೆ. ಗೌರಿ ಬಾಲ ಬೀಸಿತು.

ಅಂದು ಸಂಜೆ ಕಾಶಿಬಾಯಿ ಕೊಡ ಹಿಡಿದು ಬಾವಿಗೆ ಹೋದಳು. ನನ್ನವ್ವ ನನ್ನನ್ನು ಬಾಗಿಲ ಹಿಂದೆ ಕರೆದಳು. ಸೆರಗಿನ ಕೆಳಗಿಂದ ಒಂದು ತಂಬಿಗೆ ಹೊರಬಂತು.

"ಕುಡಿ. ಹೋಳಿಗಿ ಅಂದ್ರ ಬಾಯಿ ತೆರಿತಿದಿ, ಅದಕ್ಕ ಹೋಳಿಗೀನೇ ಹಾಲಾಗ ಕರಗಿಸೀನಿ. ನಿನ್ನ ಹೆಂಡ್ತಿಗಿ ಹೇಳಬ್ಯಾಡ. ಎಲ್ಲಾರಕಿಂತ ಮದಲ ಹೆಂಡ್ತಿ ಕಣ್ಣೇ ತಾಗ್ತದ."

ಹೇಳಬೇಕಿತ್ತು. ಆ ಕ್ಷಣದಲ್ಲೇ "ಅವ್ವಾ, ಮುಂಜಾನಿ ಒಂದು ಆಗ್ಯದ" ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹೇಳಿದರೆ ಹೆಂಡತಿಯ ಗುಟ್ಟು ಹೋಗುತ್ತದೆ. ಬೇಡವೆಂದರೆ ಅವ್ವನ ಮುಖ ಸಣ್ಣದಾಗುತ್ತದೆ. ಕುಡಿದುಬಿಟ್ಟೆ. ಒಳ್ಳೆಯತನ ಎಂದುಕೊಳ್ಳಬೇಡಿ. ಹಾಲು ಬಹಳ ರುಚಿಯಾಗಿತ್ತು.

ಹೀಗೆ ಎರಡು ತಿಂಗಳು. ಮನೆಯಲ್ಲಿ ಪುಠಾಣಿ ಎಂಬ ಹುರಿಗಡಲೆ, ಸೇಂಗಾ, ಬೆಲ್ಲ, ಜಾಜಿಕಾಯಿ ತಾವಾಗಿಯೇ ಇಳಿಯುತ್ತ ಬಂದವು. ತಾನು ತೆಗೆದದ್ದು ಇಷ್ಟೇ, ಉಳಿದದ್ದು ಎಲ್ಲಿ ಹೋಯಿತೆಂದು ಇಬ್ಬರಿಗೂ ದಿಗಿಲು. ಅವ್ವ ಇಲಿಯ ಬೋನು ತಂದಿಟ್ಟಳು. ಕಾಶಿಬಾಯಿ ನೆರೆಮನೆಯ ಬೆಕ್ಕು ತಂದು ಕಟ್ಟಿದಳು.

"ಏ ಕಾಶಿ, ಜಾಜಿಕಾಯಿ ತಿನ್ನೋ ಇಲಿ ನಮ್ಮಪ್ಪನ ಕಾಲದಾಗ ಸುದ್ದಾ ನಾ ಕಂಡಿಲ್ಲ ನೋಡು," ಎಂದಳು ಅವ್ವ.

"ಹೌದ್ರಿ ಅತ್ತಿ. ದೊಡ್ಡ ಇಲೀನೇ ಇರಬೇಕ್ರಿ," ಎಂದಳು ಕಾಶಿಬಾಯಿ.

ದೊಡ್ಡ ಇಲಿ ನಡುವೆ ಕೂತು ರೊಟ್ಟಿ ಮುರಿಯುತ್ತಿತ್ತು.

ಮೈ ಹತ್ತಿತು, ಸುಳ್ಳಲ್ಲ. ಗಲ್ಲ ತುಂಬಿತು, ಅಂಗಿಯ ಗುಂಡಿ ಬಿಗಿಯಾಯಿತು. ಆದರೆ ಜೊತೆಗೆ ಇನ್ನೊಂದು ಹತ್ತಿತು: ನಿದ್ದೆ. ಎಂಥ ನಿದ್ದೆ ಎನ್ನುತ್ತೀರಿ! ಬಗದಲ್ ಕಡೆ ಒಂದು ಹೊಲ ಅಳೆಯುವಾಗ ಸರಪಳಿ ಹಿಡಿದು ನಿಂತಲ್ಲೇ ಕಣ್ಣು ಮುಚ್ಚಿದೆ. ಸರಪಳಿ ಜೋತು ಬಿತ್ತು, ಅಳತೆ ತಪ್ಪಿತು. ಹೊಲದ ಒಡೆಯ ಬಾಯಿ ಬಡಿದುಕೊಂಡ. ಸರ್ವೆ ಸಾಹೇಬರು, "ಲೇ, ನೀ ನಿದ್ದಿ ಮಾಡಿದ್ರ ಮಾಡು, ಸರಕಾರದ ಸರಪಳೀನ ಯಾಕ ಮಲಗಸ್ತಿ?" ಎಂದರು.

ಮನೆಯಲ್ಲಿ ಇಬ್ಬರಿಗೂ ನನ್ನ ನಿದ್ದೆ ಕಂಡು ಸಂತೋಷ. ನಿದ್ದೆಯಲ್ಲೇ ಮೈ ಬೆಳೆಯುತ್ತದೆ ಎಂಬುದು ಇಬ್ಬರ ನಂಬಿಕೆ. ಆ ಸಂತೋಷದಲ್ಲಿ ಇಬ್ಬರೂ ನಿದ್ದೆ ತರುವ ಜಾಜಿಕಾಯಿಯನ್ನು ದಿನದಿನಕ್ಕೂ ಇಷ್ಟಿಷ್ಟು ಹೆಚ್ಚು ತೇಯುತ್ತ ಹೋದರೆಂದು ನನಗೆ ತಿಳಿದದ್ದು ಆಮೇಲೆ. ಹೋಳಿಗೆ ಉಂಡ ಮಧ್ಯಾಹ್ನ ಊರಿಗೆ ಊರೇ ಉರುಳಿಕೊಳ್ಳುತ್ತದಲ್ಲ, ಆ ಮಧ್ಯಾಹ್ನ ನನಗೆ ಎರಡು ತಿಂಗಳು ನಡೆಯಿತು.

ಬೀದರಕ್ಕೆ ಹೋಗುವ ದಿನ ಬಂತು. ಕೊಟ್ಟಿಗೆಯಲ್ಲಿ ಗೌರಿಯ ಮೂಲಕ ಎರಡು ಪಾಲಿನ ದೊಡ್ಡ ತಂಬಿಗೆ. ಬಾಗಿಲ ಹಿಂದೆಯೂ ಅಷ್ಟೇ ದೊಡ್ಡದು. ಬಸ್ಸಿನಲ್ಲಿ ಕೂತದ್ದು ನೆನಪಿದೆ, ಇಳಿದದ್ದು ನೆನಪಿಲ್ಲ. ತೂಕದ ಮುಳ್ಳು ಬೇಕಾದ ಗೆರೆಯನ್ನು ದಾಟಿ ನಿಂತಿತು. ಡಾಕ್ಟರು ನಕ್ಕು ಲೇಖನಿ ಎತ್ತಿದರು. ನಾನು ಯಂತ್ರದ ಮೇಲೆ ನಿಂತೇ ನಿದ್ದೆಹೋದೆ.

"ಉಠೋ ಮಿಯಾ, ಉಠೋ!" ಎಂದು ಕಾಂಪೌಂಡರ್ ಭುಜ ಅಲ್ಲಾಡಿಸಿದ. ಕಣ್ಣು ಬಿಟ್ಟಾಗ ಡಾಕ್ಟರು ನನ್ನ ರೆಪ್ಪೆ ಎತ್ತಿ ನೋಡುತ್ತಿದ್ದರು. ನಗು ಹೋಗಿತ್ತು.

"ಅಫೀಮು ತಿನ್ನೋ ಅಭ್ಯಾಸ ಇದೆಯೇನ್ರಿ?"

"ಇಲ್ರಿ ಸಾಹೇಬ್ರ. ಹಾಲು ಕುಡ್ದೀನ್ರಿ."

"ಹಾಲು ಕುಡಿದವರು ತಕ್ಕಡಿ ಮೇಲೆ ನಿಂತು ಗೊರಕೆ ಹೊಡೀತಾರಾ? ಆ ಹಾಲು ಮಾಡಿದವರನ್ನ, ಹಾಲಿನ ಸಮೇತ ನಾಳೆ ಕರ್ಕೊಂಡು ಬನ್ನಿ. ಅಲ್ಲೀತನಕ ಸಹಿ ಇಲ್ಲ."

ಕಾಗದ ಕೊಡಲು ಕಚೇರಿ ಇಟ್ಟ ಗಡುವು ಆ ನಾಳೆಯೇ. ಅಫೀಮು ಎಂದು ಬರೆದರೆ ಈ ಕೆಲಸವಷ್ಟೇ ಅಲ್ಲ, ಮುಂದೆ ಯಾವ ಕೆಲಸವೂ ಇಲ್ಲ. ಮನೆಗೆ ಬಂದು ಅಂಗಳದ ನಡುವೆ ಕೂತೆ. ಅವ್ವ ಒಂದು ಕಡೆ, ಕಾಶಿಬಾಯಿ ಬಾಗಿಲ ಮರೆಯಲ್ಲಿ ಇನ್ನೊಂದು ಕಡೆ. ನಾನು ಯಾರ ಹೆಸರನ್ನೂ ಹೇಳದೆ, "ಹಾಲು ಮಾಡಿದವರಿಗಿ ಡಾಕ್ಟರು ಕರೀಲತ್ತಾರ" ಎಂದೆ.

"ನಾ ಬರ್ತೇನಿ," ಎಂದಳು ಅವ್ವ.

"ನಾ ಬರ್ತೇನಿ ಅಂತ ಹೇಳು ಗೌರಿ," ಎಂದಳು ಕಾಶಿಬಾಯಿ, ಅದೇ ಉಸಿರಿಗೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು. ಅವ್ವ ಎದ್ದು ಹೋಗಿ ಇಲಿಯ ಬೋನನ್ನು ತಂದು ನನ್ನ ಮುಂದೆ ಇಟ್ಟಳು. ಬೈಯಲಿಲ್ಲ. ಅದರ ಬದಲು ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಡಾಕ್ಟರ ಮೇಜಿನ ಮೇಲೆ ಎರಡು ತಂಬಿಗೆಗಳಿದ್ದವು. ಹೇಗೆ ಮಾಡಿದಿರಿ ಎಂದು ಅವರು ಕಾಶಿಬಾಯಿಯನ್ನು ಕೇಳಿದರು. ಆಕೆ ಸೆರಗು ಎಳೆದುಕೊಂಡು ಅತ್ತೆಯ ಹಿಂದೆ ಸರಿದಳು.

"ಅತ್ತಿ, ಗಂಡ ಇಬ್ಬರ ಮುಂದ ಹ್ಯಾಂಗ ಮಾತಾಡ್ತಾಳ್ರಿ ಆಕಿ? ಮನ್ಯಾಗಾದ್ರ ಎಮ್ಮಿ ಅದ," ಎಂದಳು ಅವ್ವ.

ಡಾಕ್ಟರು ಸುತ್ತ ನೋಡಿದರು. "ಇಲ್ಲಿ ಎಮ್ಮೆ ಇಲ್ವಲ್ಲಮ್ಮ. ಆ ತೂಕದ ಯಂತ್ರಕ್ಕೆ ಹೇಳಿ, ನಾನು ಕೇಳಿಸ್ಕೋತೀನಿ."

ಕಾಶಿಬಾಯಿ ಯಂತ್ರದ ಕಡೆ ತಿರುಗಿದಳು. ಎಮ್ಮೆಗೆ ಹೇಳುವಷ್ಟೇ ಸಲೀಸಾಗಿ ಹೇಳಿದಳು. ಎರಡು ಹಿಡಿ ಪುಠಾಣಿ ಬೆಚ್ಚಗೆ ಮಾಡಿ ಬೀಸಬೇಕು. ಒಂದು ಹಿಡಿ ಸೇಂಗಾ ಹುರಿದು, ಸಿಪ್ಪೆ ತೂರಿ, ಎಣ್ಣೆ ಬಿಡುವ ತನಕ ಕುಟ್ಟಬೇಕು. ಎರಡನ್ನೂ ಮೊದಲು ತಣ್ಣಗಿನ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ಕಾದ ಹಾಲಿಗೆ ಬಿಡಬೇಕು. ಬೆಲ್ಲವನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಾಕಬೇಕು, ಇಲ್ಲದಿದ್ದರೆ ಹಾಲು ಒಡೆಯುತ್ತದೆ; ಅದೂ ಕಡಿಮೆ ಬೆಲ್ಲ, ಸಿಹಿಯ ಕೆಲಸವನ್ನು ಏಲಕ್ಕಿಗೆ ಬಿಡಬೇಕು. ಕಡೆಗೆ ಕಡಗೋಲಿನಿಂದ ನೊರೆ ಬರುವ ಹಾಗೆ ಕಡೆಯಬೇಕು. "ಮ್ಯಾಲ ಜಾಜಿಕಾಯಿ," ಎಂದಳು.

"ಎಷ್ಟು?"

"ನಿನ್ನಿ ಅರ್ಧ ಕಾಯಿ."

"ನಾನೂ ಅರ್ಧ ತೇಯ್ದೇನ್ರಿ," ಎಂದಳು ಅವ್ವ.

ಡಾಕ್ಟರು ತಲೆಯ ಮೇಲೆ ಕೈ ಇಟ್ಟುಕೊಂಡರು. "ಒಂದು ಇಡೀ ಜಾಜಿಕಾಯಿ! ಅಫೀಮು ಬೇರೆ ಯಾಕೆ ಬೇಕು ಇವನಿಗೆ? ಇವತ್ತಿಂದ ಅದು ಬಂದ್. ಉಳಿದದ್ದೆಲ್ಲ ಕೊಡಿ, ದಿನಕ್ಕೆ ಒಂದೇ ತಂಬಿಗೆ." ಹಾಗೆಂದು ಕಾಶಿಬಾಯಿಯ ತಂಬಿಗೆಯಿಂದ ಒಂದು ಗುಟುಕು ಕುಡಿದರು. ಮತ್ತೊಂದು ಗುಟುಕು ಕುಡಿದರು. ಊರು ಬಿಟ್ಟು ಬಂದ ಮೇಲೆ ಹೋಳಿಗೆಯ ರುಚಿ ಕಂಡದ್ದು ಇವತ್ತೇ ಎಂದರು. ಆಮೇಲೆ ಸಹಿ ಹಾಕಿದರು.

ಬಸ್ ಸ್ಟ್ಯಾಂಡಿನಲ್ಲಿ ಅವ್ವ ಎಲೆ ಅಡಿಕೆ ತರಲು ಹೋದಳು. ನಾವಿಬ್ಬರೇ ಉಳಿದೆವು. ಹತ್ತಿರ ಗೋಡೆಯಿಲ್ಲ, ಎಮ್ಮೆಯಿಲ್ಲ. ಕಾಶಿಬಾಯಿ ಸೆರಗು ಒಂದಿಷ್ಟು ಸರಿಸಿ ಮೊದಲ ಸಲ ಹಗಲು ಬೆಳಕಿನಲ್ಲಿ, ನಡು ಬೀದಿಯಲ್ಲಿ ನನ್ನ ಮುಖ ನೋಡಿ ಮಾತಾಡಿದಳು.

"ಎರಡೆರಡು ಕುಡೀಲತ್ತೀನಿ ಅಂತ ಒಮ್ಮಿ ಹೇಳಬಾರದಿತ್ತೇನ್ರಿ?"

"ಹೇಳಿದ್ರ ನಿಮ್ಮಿಬ್ಬರಾಗ ಒಬ್ಬರಿಗಿ ಬ್ಯಾಸರ ಆಗ್ತಿತ್ತು," ಎಂದೆ.

ಆಕೆ ನಕ್ಕಳು. ಬಾಯಿಗೆ ಸೆರಗು ಒತ್ತಿಕೊಂಡು, ಭುಜ ಕುಣಿಯುವಂತೆ ನಕ್ಕಳು. ಅವ್ವ ಬಂದದ್ದೂ ಗೊತ್ತಾಗಲಿಲ್ಲ.

ಆಮೇಲೆ ಕೆಲಸ ಕಾಯಂ ಆಯಿತು, ಬೀದರಕ್ಕೆ ಬಂದು ನೆಲೆಸಿದೆವು. ಅವ್ವನೂ ಹೋದಳು, ಗೌರಿಯೂ ಹೋಯಿತು. ನೇರವಾಗಿ ಮಾತಾಡಬಾರದೆಂಬ ಕಟ್ಟು ಯಾವತ್ತೋ ಬಿಟ್ಟುಹೋಯಿತು. ಆದರೂ ಸಿಟ್ಟು ಬಂದಾಗ, ಇಲ್ಲವೆ ನಗು ತಡೆಯಬೇಕಾದಾಗ, ಕಾಶಿಬಾಯಿ ಒಂದು ಗೋಡೆಯನ್ನೋ ಗಡಿಯಾರವನ್ನೋ ಹುಡುಕುತ್ತಿದ್ದಳು.

ಕಾಯಿಲೆಯಲ್ಲಿ ಆಕೆ ಪ್ರೋಟೀನ್ ಪುಡಿಯ ಲೋಟ ಸರಿಸಿಟ್ಟ ಮರುದಿನದಿಂದ ನಾನೇ ಹೂರಣದ ಹಾಲು ಮಾಡತೊಡಗಿದೆ. ಮುಂಜಾನೆ ಮಗಳು ಕಾಲೇಜಿಗೆ ಪಾಠ ಹೇಳಲು ಹೋದ ಮೇಲೆ ಮಿಕ್ಸಿಯಲ್ಲಿ ಪುಠಾಣಿ ಬೀಸಿ ಮಾಡಿದರೆ ಗಂಟು ಗಂಟಾಗುತ್ತಿತ್ತು, ಒಮ್ಮೆ ಬೆಲ್ಲ ಬೇಗ ಹಾಕಿ ಹಾಲು ಒಡೆದೂ ಹೋಯಿತು. ಆಕೆ ಮುಖ ಕಿವುಚದೆ ಕುಡಿಯುತ್ತಿದ್ದಳು. ಮೆಲ್ಲಗೆ, ಬಹಳ ಹೊತ್ತು ಹಿಡಿದು, ತಳದ ತನಕ. ನನಗದು ಹೆಮ್ಮೆಯಾಗಿತ್ತು.

ಮೊನ್ನೆ ಖಾಲಿ ಡಬ್ಬಿ ಹಿಡಿದು ಮಗಳನ್ನು ಕೇಳಿದೆ: "ನಿಮ್ಮವ್ವ ಇದು ಒಲ್ಲೆ ಅಂದಿದ್ದಳಲ್ಲ?"

"ನಿನ್ನ ಮುಂದ ಒಲ್ಲೆ ಅಂದ್ಳಪ್ಪ. ದಿನಾ ಸಂಜಿಗಿ, ನೀ ಹೊರಗ ಅಡ್ಡಾಡಲಾಕ ಹೋದಾಗ, ನಾ ಕಲಿಸಿ ಕೊಡ್ತಿದ್ದೆ. ಪೂರಾ ಕುಡೀತಿದ್ಳು. ಅಪ್ಪಗ ಹೇಳಬ್ಯಾಡ, ಅವರಿಗಿ ಬ್ಯಾಸರ ಆಗ್ತದ ಅಂತಿದ್ಳು." ನನ್ನ ಮುಖ ನೋಡಿ ಕೇಳಿದಳು, "ಯಾಕಪ್ಪ, ನೀನೂ ಕೊಡ್ತಿದ್ದೇನು?"

ನಾನು ಹೌದೆಂದು ತಲೆಯಾಡಿಸಿದೆ. ಒಂದು ತುತ್ತು ಅನ್ನ ಇಳಿಯದ ಗಂಟಲಿನಲ್ಲಿ ಆಕೆ ದಿನಕ್ಕೆ ಎರಡು ಲೋಟ ಇಳಿಸಿದ್ದಳು. ಮಗಳು ಅತ್ತಳು. ನಾನೂ. ಆಮೇಲೆ ನಾನು ಇಲಿಯ ಬೋನಿನ ಕಥೆ ಹೇಳಿದೆ, ಮಗಳು ಅಳುತ್ತಲೇ ನಕ್ಕಳು.

ಡಬ್ಬಿಗೆ ಈಗ ಮೆಂತ್ಯ ತುಂಬಿದೆ. ಆಕೆ ಹೋದಮೇಲೆ ನನ್ನ ಅಂಗಿ ಮತ್ತೆ ಸಡಿಲವಾಗಿದೆಯೆಂದು ಎಲ್ಲರೂ ಹೇಳುತ್ತಾರೆ. ಇಂದು ಮುಂಜಾನೆ ನನಗಾಗಿ ಒಂದು ಲೋಟ ಹೂರಣದ ಹಾಲು ಮಾಡಿಕೊಂಡು ಕುಡಿದೆ. ಗಂಟು ಬರಲಿಲ್ಲ. ಸಂಜೆ ಮಗಳು ಕಾಲೇಜಿನಲ್ಲಿ ಪಾಠ ಹೇಳಿ ಬಂದವಳು, ನನಗಾಗಿ ತಂದ ಹೊಸ ಡಬ್ಬಿಯ ಪುಡಿ ಕಲಿಸಿ ತಂದು ಕೈಗಿಟ್ಟಳು. "ಕುಡಿಯಪ್ಪ, ಬ್ಯಾಡ ಅನ್ನಬ್ಯಾಡ," ಎಂದಳು. ಅವಳವ್ವನದೇ ಮುಖ, ಅದೇ ಆಸೆ. ಲೋಟ ತುಟಿಯ ತನಕ ಹೋಗಿತ್ತು.

ಕೆಳಗಿಳಿಸಿದೆ.

"ಮುಂಜಾನಿ ಒಂದು ಕುಡ್ದೀನವ್ವ. ಇದು ನೀ ಕುಡಿ," ಎಂದೆ.

ಅವಳಿಗೆ ಬೇಸರವೇನೂ ಆಗಲಿಲ್ಲ. ನನ್ನ ಪಕ್ಕದಲ್ಲೇ ಕೂತು ಕುಡಿದಳು. ಲೋಟ ತೊಳೆಯಲು ಒಳಗೆ ಹೋದ ಮೇಲೆ ನಾನು ಗಡಿಯಾರದ ಕಡೆ ತಿರುಗಿದೆ.

"ಆಕಿಗಿ ಹೇಳು," ಎಂದೆ, "ಈ ಸಲ ಹೇಳೀನಿ ಅಂತ."