ನನ್ನ ಸೀಟಿನ ಕೆಳಗಿನ ಬಿಸಿ

ನಮ್ಮ ವ್ಯಾನಿನ ಇಂಜಿನ್ ಇರುವುದು ಮುಂದೆಯೂ ಅಲ್ಲ, ಹಿಂದೆಯೂ ಅಲ್ಲ, ನಾನು ಕೂರುವ ಸೀಟಿನ ಕೆಳಗೆ. ಸೀಟನ್ನು ಹಿಂದಕ್ಕೆ ಮಗುಚಿದರೆ ಇಂಜಿನ್ನಿನ ತಲೆ, ಕಪ್ಪು ಪೈಪುಗಳು, ರೇಡಿಯೇಟರಿಗೆ ನೀರು ಹೋಗುವ ಬಾಯಿ, ಅದರ ಮೇಲೊಂದು ಬಿಗಿ ಮುಚ್ಚಳ, ಎಲ್ಲ ಅಲ್ಲೇ ಕಾಣುತ್ತದೆ. ಹನ್ನೊಂದು ವರ್ಷದಿಂದ ಅದರ ಮೇಲೆ ಕೂತು ಘಾಟ್ಕೋಪರಿನಿಂದ ವಿಲೆ ಪಾರ್ಲೆಗೆ ಹೋಗಿ ಬರುತ್ತಿದ್ದೇನೆ. ಅಷ್ಟೂ ವರ್ಷ ಹೆದರಿಕೊಂಡೇ ಕೂತಿದ್ದೇನೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಕುದಿಯುವ ನೀರಿನ ಮೇಲೆ ಸೀರೆ ನೆರಿಗೆ ಸರಿಮಾಡಿಕೊಂಡು ಕೂರುವವಳಿಗೆ ಹೆದರಿಕೆ ಆಗದಿದ್ದರೆ ಅವಳ ತಲೆಯಲ್ಲಿ ಏನೋ ಕಮ್ಮಿ ಇದೆ ಎಂದೇ ನನ್ನ ಲೆಕ್ಕ.

ನನ್ನ ಗಂಡ ಹೆದರುವ ಆಸಾಮಿಯಲ್ಲ. ಉಡುಪಿ ಕಡೆಯಿಂದ ಬಂದು ದಾದರಿನ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ಇಡ್ಲಿ ಒಲೆಯ ಮುಂದೆ ನಿಂತವರು. ಆಮೇಲೆ ಘಾಟ್ಕೋಪರಿನಲ್ಲಿ ನಮ್ಮದೇ ಸಣ್ಣ ಅಡುಗೆಮನೆ ಮಾಡಿಕೊಂಡು, ಪಾರ್ಲೆಯ ಕಾಲೇಜೊಂದರ ಕ್ಯಾಂಟೀನಿಗೆ ಬೆಳಗಿನ ಇಡ್ಲಿ, ವಡೆ, ಸಾಂಬಾರು ಕಳಿಸಲು ಶುರುಮಾಡಿದೆವು. ಇಡ್ಲಿ ಬೇಯುವ ದೊಡ್ಡ ಪಾತ್ರೆಯ ಮುಚ್ಚಳ ತೆಗೆಯುವುದು ಅವರದೇ ಕೆಲಸ. ಒದ್ದೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿಯ ಮೇಲಿಟ್ಟು, ತಮ್ಮಿಂದಾಚೆಗೆ ಓರೆಮಾಡಿ, ಆವಿ ಗೋಡೆಯ ಕಡೆಗೆ ಹೋಗುವ ಹಾಗೆ ಎತ್ತುತ್ತಾರೆ. ಒಮ್ಮೆಯೂ ಸುಟ್ಟುಕೊಂಡವರಲ್ಲ. ನಾನು ಆ ಮುಚ್ಚಳವನ್ನು ಮುಟ್ಟಿದವಳೇ ಅಲ್ಲ. ಅವರು ಬಟ್ಟೆ ಕೈಗೆತ್ತಿಕೊಂಡರೆ ಸಾಕು, ನಾನು ಚಟ್ನಿಯ ಕಡೆ ಮುಖ ತಿರುಗಿಸಿಬಿಡುತ್ತೇನೆ.

"ಆವಿ ನನ್ನ ಮಾತು ಕೇಳ್ತದೆ ಮಾರಾಯ್ತಿ, ನೀನೊಬ್ಳು ಕೇಳುದಿಲ್ಲ" ಎಂದು ಅವರು ನಗುತ್ತಾರೆ.

ನನ್ನ ಹೆದರಿಕೆಗೆ ಒಂದು ಆಕಾರ ಕೊಟ್ಟವನು ನಮ್ಮ ಮೆಕ್ಯಾನಿಕ್. ವಿಜಯಪುರದ ಕಡೆಯವನು, ನಮ್ಮ ಓಣಿಯ ಬಾಯಲ್ಲೇ ಗ್ಯಾರೇಜು. ಮೂರು ವರ್ಷದ ಹಿಂದೆ ವ್ಯಾನಿನ ಸರ್ವಿಸು ಮುಗಿಸಿ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಅಂಗಿಯ ತೋಳು ಮೇಲಕ್ಕೆ ಸರಿಸಿದ. ಮಣಿಕಟ್ಟಿನಿಂದ ಮೊಣಕೈವರೆಗೆ, ಆಮೇಲೆ ಕತ್ತಿನ ಬದಿಯಲ್ಲಿ, ಚರ್ಮ ಸುಕ್ಕುಗಟ್ಟಿ ಬಿಳಿಯಾಗಿತ್ತು.

"ನೋಡ್ರಿ ಅಣ್ಣಾರ, ಬಿಸಿ ಇದ್ದಾಗ ಮುಚ್ಚಳ ತಿರುವಿದ್ದಕ್ಕ ಹಿಂಗಾತು. ಕಣ್ಣು ಉಳೀತು, ದೇವ್ರ ಪುಣ್ಯ. ಇಂಜಿನ್ ತಣ್ಣಗಾಗೂತನ ಇದನ್ನ ಮುಟ್ಟಬ್ಯಾಡ್ರಿ."

"ನಂಗೆ ಆವಿಯ ವಿಷಯ ಹೇಳಿಕೊಡ್ತೀಯಾ?" ಎಂದು ಇವರು ನಕ್ಕರು. "ದಿನಾ ಬೆಳಿಗ್ಗೆ ಎಷ್ಟು ಮುಚ್ಚಳ ತೆಗೀತೇನೆ ಗೊತ್ತುಂಟಾ?"

"ಇಡ್ಲಿ ಪಾತ್ರಿ ಬಾಯಿ ಸಡಲ ಇರ್ತದ್ರಿ. ಇದು ಬಿಗದಿದ್ದು. ಒಳಗಿನ ನೀರು ಹೊರಗ ಬರಾಕ ದಾರಿ ಕಾಯ್ಕೋತ ಕುಂತಿರ್ತದ."

ಇವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಮಾತ್ರ ಆ ಸುಕ್ಕು ಚರ್ಮವನ್ನು ಮನೆಗೆ ಹೊತ್ತುಕೊಂಡು ಬಂದೆ. ಇವರು ಮಲಗಿದ್ದಾಗ ಮುಖ ನೋಡುವುದು, ಆ ಕುದಿನೀರು ಈ ಕಣ್ಣಿಗೆ ಬಿದ್ದರೆ ಎಂದುಕೊಳ್ಳುವುದು, ಇದೇ ಆಯಿತು. ಕೊನೆಗೆ ಒಂದು ಉಪಾಯ ಕಂಡಿತು. ವ್ಯಾನಿನ ನೀರು, ಎಣ್ಣೆ ನೋಡುವ ಕೆಲಸವನ್ನೆಲ್ಲ ನಾನೇ ವಹಿಸಿಕೊಂಡರೆ ಇವರ ಕೈ ಆ ಮುಚ್ಚಳದ ಹತ್ತಿರ ಹೋಗುವುದೇ ಇಲ್ಲವಲ್ಲ! "ಈ ಕೆಲಸ ನಂದು, ನೀವು ಡ್ರೈವಿಂಗ್ ಮಾತ್ರ ಮಾಡಿ" ಎಂದೆ. ಅವರಿಗೂ ಬೇಕಾಗಿದ್ದು ಅದೇ.

ಮೆಕ್ಯಾನಿಕ್ ಎಲ್ಲ ಹೇಳಿಕೊಟ್ಟ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು, ಎಲ್ಲ ತಣ್ಣಗಿರುವಾಗ, ನಾನು ಮೊಬೈಲಿನ ಟಾರ್ಚು ಹಿಡಿದು ನೋಡುತ್ತಿದ್ದೆ. ಇಂಜಿನ್ನನ್ನು ತಣ್ಣಗಿಡುವ ಹಸಿರು ಕೂಲೆಂಟಿನ ಪ್ಲಾಸ್ಟಿಕ್ ಬಾಟಲಿಯ ಮೇಲೆ ಎರಡು ಗೆರೆ, ನೀರು ಅವುಗಳ ನಡುವೆ ಇರಬೇಕು. ಇಂಜಿನ್ ಆಯಿಲಿನ ಕಡ್ಡಿಯನ್ನು ಹಳೇ ಪಂಚೆಯ ತುಂಡಿನಲ್ಲಿ ಒರೆಸಿ, ಮತ್ತೆ ಅದ್ದಿ, ಎಷ್ಟರವರೆಗೆ ಅಂಟಿದೆ ನೋಡಬೇಕು. ಬ್ರೇಕ್ ಆಯಿಲಿನ ಡಬ್ಬಿ, ವೈಪರಿನ ನೀರು. ಬೇಳೆ ಬೆಂದಿದೆಯೇ ಎಂದು ನೋಡಿದಷ್ಟೇ ಸುಲಭವಾಗಿ ಕೈಗೆ ಹತ್ತಿತು. ಎರಡು ವರ್ಷ ಎಲ್ಲ ಸರಿಯಾಗಿಯೇ ನಡೆಯಿತು.

ಕಳೆದ ಬೇಸಿಗೆಯಲ್ಲಿ ಒಂದು ಸೋಮವಾರ, ಹಸಿರು ನೀರು ಕೆಳಗಿನ ಗೆರೆಗಿಂತ ಒಂದು ಬೆರಳು ಕೆಳಗಿತ್ತು. ಕೂಲೆಂಟಿನ ಡಬ್ಬಿಯಲ್ಲಿ ಉಳಿದದ್ದನ್ನು ಸುರಿದೆ. ಮಂಗಳವಾರ ಮತ್ತೆ ಕೆಳಗೆ. ಡಬ್ಬಿ ಖಾಲಿ. ಕುಡಿಯಲೆಂದು ಕಾಯಿಸಿ ಆರಿಸಿಟ್ಟ ನೀರನ್ನು ಚೊಂಬಿನಲ್ಲಿ ತಂದು ಹಾಕಿದೆ. ಕಾಯಿಸಿದ ನೀರು ಯಾವುದಕ್ಕೂ ಒಳ್ಳೆಯದು ಎಂಬುದು ನಮ್ಮ ಮನೆಯ ನಂಬಿಕೆ, ಜ್ವರ ಬಂದ ಮಗುವಿಗಾಗಲಿ, ನೆಂಟರಿಗಾಗಲಿ. ಇಂಜಿನ್ನಿಗೆ ಏಕೆ ಆಗಬಾರದು ಎಂದುಕೊಂಡೆ. ಬುಧವಾರವೂ ಒಂದು ಚೊಂಬು. ಮುಂದಿನ ವಾರ ಒಂದೂವರೆ.

ಮೆಕ್ಯಾನಿಕ್ ಮೊದಲೇ ಹೇಳಿದ್ದ, ದಿನಾ ಇಳಿಯುತ್ತಿದ್ದರೆ ತುಂಬಿಸುತ್ತಾ ಕೂರಬೇಡಿ, ಎಲ್ಲೋ ಸೋರುತ್ತಿದೆ, ಗಾಡಿ ತನ್ನಿ ಎಂದು. ಅದು ನನಗೆ ಚೆನ್ನಾಗಿ ನೆನಪಿತ್ತು. ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಕಾಲೇಜಿನಲ್ಲಿ ಪರೀಕ್ಷೆ ನಡೆಯುತ್ತಿತ್ತು, ಕ್ಯಾಂಟೀನಿನವರು ಒಂದು ದಿನವೂ ತಪ್ಪಿಸಬಾರದು ಎಂದಿದ್ದರು. ಎರಡನೇ ವಾರದ ಶನಿವಾರ ಪರೀಕ್ಷೆ ಮುಗಿಯುತ್ತದೆ, ಆಮೇಲೆ ಗ್ಯಾರೇಜಿಗೆ ಕೊಡುವ ಎಂದುಕೊಂಡೆ. ಇದು ಅರ್ಧ ಕಾರಣ. ಇನ್ನರ್ಧ ಹೇಳಿದರೆ ನೀವು ನಗಬಹುದು. ನೀರು ಇಳಿಯುತ್ತಿದೆ ಎಂದು ಇವರಿಗೆ ಗೊತ್ತಾದರೆ ಇವರು ಸುಮ್ಮನಿರುವುದಿಲ್ಲ. ಪಾರ್ಲೆ ತಲುಪಿದ ಕೂಡಲೇ, ಇಂಜಿನ್ ಕಾದಿರುವಾಗಲೇ, ಸೀಟು ಎತ್ತಿ "ಎಷ್ಟುಂಟು ನೋಡುವ" ಎಂದು ಮುಚ್ಚಳಕ್ಕೆ ಕೈ ಹಾಕುತ್ತಾರೆ. ಅವರ ಕೈಯನ್ನು ದೂರ ಇಡಲೆಂದೇ ನಾನು ಬಾಯಿ ಮುಚ್ಚಿಕೊಂಡಿದ್ದೆ. ಪ್ರತಿದಿನ ಮುಂದಿನ ಸೀಟಿನಲ್ಲಿ ಕೂತು, ಬಿಸಿ ತೋರಿಸುವ ಮುಳ್ಳಿನ ಮೇಲಿನ ಕಣ್ಣು ತೆಗೆಯದೆ, ಶನಿವಾರ ಬರಲಿ ದೇವರೇ ಎಂದು ಜಪಿಸುತ್ತಿದ್ದೆ.

ಬಂದದ್ದು ಗುರುವಾರ. ಪಾರ್ಲೆಗೆ ಹೋಗುವ ದಾರಿಯ ಸಾಕಿನಾಕಾದಲ್ಲಿ, ಮೆಟ್ರೋ ಸೇತುವೆಯ ಕೆಳಗೆ, ಗಾಡಿಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಮುಳ್ಳು ನಡುವಿನಿಂದ ಮೇಲೆ ಹತ್ತತೊಡಗಿತು. ನಾನು ನೋಡಿದೆ, ಹೇಳಲಿಲ್ಲ. ಸಿಗ್ನಲ್ ಬಿಟ್ಟರೆ ಗಾಳಿ ತಾಗಿ ಇಳಿಯಬಹುದು ಎಂದುಕೊಂಡೆ. ಸಿಗ್ನಲ್ ಬಿಟ್ಟಿತು, ನಾವು ನಾಲ್ಕು ಮಾರು ಹೋಗಿ ಮತ್ತೆ ನಿಂತೆವು. ಸೀಟಿನ ಬಿಸಿ ಸೀರೆ ದಾಟಿ ತೊಡೆಗೆ ತಾಗಿತು. ಆಮೇಲೆ ಒಂದು ಸಿಹಿಸಿಹಿ ವಾಸನೆ. ಸೀಟಿನ ಅಂಚಿನಿಂದ ಬಿಳಿ ಹಬೆ ಎದ್ದು ನನ್ನ ಮೊಣಕಾಲಿನ ಹತ್ತಿರ ಬಂತು.

"ಎಂತ ಇದು!" ಎಂದವರು ಗಾಡಿಯನ್ನು ಹೇಗೋ ಎಡಕ್ಕೆ ಎಳೆದು, ಶಟರು ಹಾಕಿದ್ದ ಅಂಗಡಿಯ ಮುಂದೆ ನಿಲ್ಲಿಸಿ, ಇಂಜಿನ್ ಬಂದ್ ಮಾಡಿದರು. "ಇಳಿ, ಇಳಿ ಬೇಗ."

ನಾನು ಕಾಲು ಕಿತ್ತು ಹೊರಗೆ ಹಾರಿದೆ. ಸೀಟಿನ ಕೆಳಗಿನಿಂದ ಗೊರಗೊರ ಸದ್ದು ಬರುತ್ತಿತ್ತು, ಅಕ್ಕಿ ಕುದಿಯುವಾಗ ಬರುವಂಥದೇ. ಇವರು ಹಿಂದಿನ ಬಾಗಿಲು ತೆರೆದರು. ಇಡ್ಲಿಯ ಮೇಲೆ ಮುಚ್ಚಿದ್ದ ಬಟ್ಟೆಯನ್ನು ಎಳೆದುಕೊಂಡು, ನೀರಿನ ಕ್ಯಾನಿನಿಂದ ಒದ್ದೆ ಮಾಡಿ, ಹಿಂಡಿ, ನಾಲ್ಕು ಮಡಿಕೆ ಮಾಡುತ್ತಾ ನನ್ನ ಕಡೆಗೆ ಬಂದರು. ದಿನಾ ಬೆಳಿಗ್ಗೆ ಮಾಡುವ ಹಾಗೆಯೇ, ಅಷ್ಟೇ ನಿಧಾನವಾಗಿ, ಅಷ್ಟೇ ಅಂದವಾಗಿ.

"ಮುಚ್ಚಳ ತೆಗೆದು ನೀರು ಹಾಕಿದ್ರೆ ಆಯ್ತು. ಸರಿ ಆಚೆಗೆ."

ಆ ಹೊತ್ತಿನಲ್ಲಿ ನಾನು ಏನೂ ಯೋಚಿಸಲಿಲ್ಲ. ಕಂಡದ್ದು ಮೆಕ್ಯಾನಿಕ್ಕಿನ ಕತ್ತು ಮಾತ್ರ. ಇವರಿಗಿಂತ ಮೊದಲು ಗಾಡಿ ಹತ್ತಿ ಅದೇ ಸೀಟಿನ ಮೇಲೆ ಕೂತುಬಿಟ್ಟೆ.

"ಏಳು ಮಾರಾಯ್ತಿ."

"ಏಳುದಿಲ್ಲ. ನೀವು ಅದನ್ನು ಮುಟ್ಲಿಕ್ಕಿಲ್ಲ."

"ನಿಂಗೆ ಮರುಳಾ? ಅಲ್ಲಿ ಮಕ್ಕಳು ಪರೀಕ್ಷೆಗೆ ಹೋಗ್ಲಿಕ್ಕುಂಟು, ಇಡ್ಲಿ ಕಾಯ್ತಾ ಇರ್ತಾರೆ. ಏಳು!"

"ಕಾಯ್ಲಿ."

ಮದುವೆಯಾದಂದಿನಿಂದ ಇವರು ಬೀದಿಯಲ್ಲಿ ನನ್ನ ಮೇಲೆ ದನಿ ಎತ್ತಿದವರಲ್ಲ, ಅಂದು ಎತ್ತಿದರು. ಹಿಂದಿನಿಂದ ಹಾರ್ನು, ಮುಂದಿನಿಂದ ಹಾರ್ನು. ಒಬ್ಬ ರಿಕ್ಷಾದವನು ತಲೆ ಹೊರಗೆ ಹಾಕಿ ಕೂಗಿದ, "ಅರೆ ಭಾಭೀ, ಉತರೋ! ಆಗ್ ಲಗ್ ಜಾಯೇಗೀ!" ಬೆಂಕಿ ಹತ್ತುತ್ತದೆ ಎಂಬುದು ನನಗೆ ಹೊಳೆದಿರಲೇ ಇಲ್ಲ. ಈಗ ಹೊಳೆಯಿತು. ಕೆಳಗೆ ಗೊರಗೊರ, ತೊಡೆ ಉರಿಯುತ್ತಿದೆ, ಕಣ್ಣಲ್ಲಿ ನೀರು. ಆದರೂ ಎದ್ದರೆ ಇವರು ಸೀಟು ಎತ್ತುತ್ತಾರೆ, ಎತ್ತಿದರೆ ಬಗ್ಗುತ್ತಾರೆ. ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ಸುತ್ತಲಿನವರಿಗೆ ಹುಚ್ಚಿಯ ಹಾಗೆ ಕಂಡಿರಬೇಕು, ಕಾಣಲಿ.

ಮೊಬೈಲು ತೆಗೆದು ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಎಲ್ಲ ಕೇಳಿ ಅವನು ಹೇಳಿದ, "ಅಣ್ಣಾರ, ಕೈ ಮುಗೀತೀನಿ, ಮುಟ್ಟಬ್ಯಾಡ್ರಿ. ನಾ ಬಂದೆ. ಅಕ್ಕಾರ, ನೀವೂ ಅದರ ಮ್ಯಾಲ ಕುಂದ್ರಬ್ಯಾಡ್ರಿ, ಇಳೀರಿ."

"ಇವ್ರು ಇಲ್ಲಿಂದ ಹೋದ್ರೆ ಇಳೀತೇನೆ" ಎಂದೆ.

ಇವರು ನನ್ನ ಮುಖವನ್ನೇ ನೋಡುತ್ತಾ ನಿಂತರು. ದನಿ ಇಳಿಯಿತು. "ಬೆಳಿಗ್ಗೆ ನೀರು ನೋಡಿದ್ದಿಯಲ್ಲ ನೀನು?"

"ನೋಡಿದ್ದೆ. ಹತ್ತು ದಿನದಿಂದ ಇಳೀತಾ ಉಂಟು. ನಾನೇ ಬರೀ ನೀರು ತುಂಬ್ತಾ ಇದ್ದೆ. ಹೇಳಲಿಲ್ಲ."

"ಯಾಕೆ?"

"ಹೇಳಿದ್ರೆ ನೀವು ಮುಚ್ಚಳ ತೆಗೀತೀರಿ ಅಂತ."

ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಒದ್ದೆ ಬಟ್ಟೆಯನ್ನು ನನ್ನ ಮಡಿಲಿಗೆ ಹಾಕಿ, ಆಗ ಕೂಗಿದ್ದ ಅದೇ ರಿಕ್ಷಾದವನನ್ನು ಕರೆದು, ಇಡ್ಲಿ ಡಬ್ಬಿಗಳನ್ನೂ ಸಾಂಬಾರಿನ ಕ್ಯಾನನ್ನೂ ಅದರೊಳಗೆ ತುರುಕಿ, ತಾವೂ ಹೇಗೋ ಅದರಲ್ಲಿ ಸೇರಿಕೊಂಡು ಪಾರ್ಲೆಗೆ ಹೋದರು. ರಿಕ್ಷಾ ಕಣ್ಣಿಗೆ ಕಾಣದಂತಾದ ಮೇಲೆ ನಾನು ಇಳಿದು, ಶಟರಿನ ಮೆಟ್ಟಿಲ ಮೇಲೆ ಕೂತು, ಹಿಂಡಿದ ಆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತೆ.

ಮೆಕ್ಯಾನಿಕ್ ಬೈಕಿನಲ್ಲಿ ಬಂದ. ಕೂಡಲೇ ಮುಟ್ಟಲಿಲ್ಲ, ಕಾದ. ಅಷ್ಟರಲ್ಲಿ ಇವರೂ ವಾಪಸು ಬಂದರು. ಮುಕ್ಕಾಲು ಗಂಟೆ ಆಗಿರಬೇಕು. ಗೊರಗೊರ ನಿಂತಿತ್ತು, ಹಬೆಯೂ ಇರಲಿಲ್ಲ. ಎಲ್ಲ ತಣ್ಣಗಾಗಿದೆ ಎಂದೇ ನಮಗನಿಸಿತ್ತು. ಅವನು ಸೀಟು ಮಗುಚಿ, ಮುಚ್ಚಳದ ಮೇಲೆ ದಪ್ಪ ಗೋಣಿತುಂಡು ಹಾಕಿ, ಮುಖ ಹೊರಗಿಟ್ಟು, ತೋಳು ಮಾತ್ರ ಒಳಗೆ ಚಾಚಿ, ತುಸುವೇ ತಿರುಗಿಸಿದ. ಬುಸ್ಸೆಂದಿತು. ಗೋಣಿಯ ಸಂದಿಯಿಂದ ತುಕ್ಕಿನ ಬಣ್ಣದ ನೀರು ಹಾರಿ, ಎತ್ತಿಟ್ಟ ಸೀಟಿನ ತಳಕ್ಕೆ ಬಡಿದು, ವ್ಯಾನಿನ ಚಾವಣಿಗೂ ಚಿಮ್ಮಿತು. ಬಗ್ಗಿ ನೋಡುವವನ ಮುಖ ಇರುವ ಜಾಗ ಅದು. ಅಲ್ಲಿಂದ ಆ ಕೆಂಪು ನೀರು ಹಬೆಯಾಡುತ್ತಾ ತೊಟ್ಟಿಕ್ಕುವುದನ್ನು ನಾವು ಮೂವರೂ ನೋಡಿದೆವು.

"ಕೆಳಗಿನ ಪೈಪು ಸೀಳೈತ್ರಿ. ಕೂಲೆಂಟ್ ಇಲ್ದ ಬರೀ ನೀರು ಬಿದ್ದು ತುಕ್ಕೂ ಬಿಟ್ಟೈತಿ" ಎಂದ ಮೆಕ್ಯಾನಿಕ್. ಇವರು ಚಾವಣಿಯನ್ನೇ ನೋಡುತ್ತಿದ್ದರು.

ಸಂಜೆ ಮನೆಯಲ್ಲಿ ಇವರು ತೆಂಗಿನೆಣ್ಣೆಯ ಬಾಟಲಿ ತಂದು ನನ್ನ ಪಕ್ಕದಲ್ಲಿಟ್ಟು, "ತೊಡೆಗೆ ಹಚ್ಚಿಕೊ" ಎಂದರು. ಅಷ್ಟೇ.

ಮರುದಿನ ಬೆಳಿಗ್ಗೆ ವ್ಯಾನು ಗ್ಯಾರೇಜಿನಲ್ಲಿತ್ತು, ಇಡ್ಲಿ ರಿಕ್ಷಾದಲ್ಲಿ ಹೋಗಬೇಕಿತ್ತು. ಪಾತ್ರೆಯಿಂದ ಇಡ್ಲಿ ಬೆಂದ ವಾಸನೆ ಬಂತು. ಇವರು ಬಟ್ಟೆ ಒದ್ದೆ ಮಾಡಿ ನಾಲ್ಕು ಮಡಿಕೆ ಮಾಡಿದರು. ನಾನು ರೂಢಿಯಂತೆ ಚಟ್ನಿಯ ಕಡೆ ತಿರುಗಿದೆ. ಮುಚ್ಚಳದ ಸದ್ದು ಬರಲಿಲ್ಲ. ತಿರುಗಿ ನೋಡಿದರೆ ಇವರು ಪಾತ್ರೆಯಿಂದ ಒಂದು ಹೆಜ್ಜೆ ಹಿಂದೆ ನಿಂತಿದ್ದಾರೆ. ಕೈ ಚಾಚುತ್ತಾರೆ, ಹಿಂದಕ್ಕೆಳೆದುಕೊಳ್ಳುತ್ತಾರೆ, ಮತ್ತೆ ಚಾಚುತ್ತಾರೆ.

ಈ ಮನುಷ್ಯನಿಗೆ ಸ್ವಲ್ಪ ಹೆದರಿಕೆ ಕೊಡು ದೇವರೇ ಎಂದು ಎರಡು ವರ್ಷ ಬೇಡಿಕೊಂಡವಳು ನಾನೇ. ಈಗ ಸಿಕ್ಕಿತ್ತು. ನನ್ನದೇ ಹೆದರಿಕೆ ಅದು, ಆ ಕೈಯಲ್ಲಿ ಗುರುತು ಸಿಕ್ಕಿತು. ನೋಡಲು ನನ್ನಿಂದ ಆಗಲಿಲ್ಲ.

"ಬಟ್ಟೆ ಇಲ್ಲಿ ಕೊಡಿ" ಎಂದೆ.

ಅವರು ಕೊಟ್ಟರು. ಬಟ್ಟೆ ಹಿಡಿಯ ಮೇಲಿಟ್ಟು, ಅವರು ಮಾಡುತ್ತಿದ್ದ ಹಾಗೆ ನನ್ನಿಂದಾಚೆಗೆ ಓರೆಮಾಡಿ, ಕಣ್ಣು ಮುಚ್ಚದೆ ಮುಚ್ಚಳ ಎತ್ತಿದೆ. ಆವಿ ಗೋಡೆಯ ಕಡೆಗೆ ಹೋಯಿತು.